ಅಜ್ಜಿ ಯಾವ ಚೌಕದಲ್ಲಿ?

ಗುಂಪು: ಮನೆ ಮಂದಿ

ರಘು, ಬೆಳಿಗ್ಗೆ 9:12
[ಚಿತ್ರ: ಪ್ರತಿ ಸಾಹಸ ಕಥೆಯಲ್ಲೂ ಇರುವ 7 ಪಾತ್ರಗಳು, ಒಂದೊಂದು ಚೌಕದಲ್ಲಿ ಒಂದೊಂದು. ನಾಯಕ – ರಾಮ. ಗುರು – ವಿಶ್ವಾಮಿತ್ರ. ಸುದ್ದಿ ತರುವವರು – ಶೂರ್ಪನಖಿ. ಹೊಸ್ತಿಲ ಕಾವಲು – ಲಂಕಿಣಿ. ರೂಪ ಬದಲಿಸುವವರು – ಮಾರೀಚ. ನೆರಳು – ರಾವಣ. ಕೀಟಲೆಗಾರ – ಹನುಮಂತ.]
ಇಂಚರಳ ಕಥಾ ಸ್ಪರ್ಧೆಗೆ ಕಳೆದ ವಾರ ಇದನ್ನೇ ಕೊಟ್ಟಿದ್ದೆ. ಬೇರೆ ಮಕ್ಕಳಿಗೂ ಆಗುತ್ತದೆ, ಇಟ್ಟುಕೊಳ್ಳಿ.

ಮಧು, 9:20
ಥ್ಯಾಂಕ್ಸ್ ರಘಣ್ಣ 🙏

ಸಂಧ್ಯಾ, 9:41
ರಘಣ್ಣ, ಬೇಜಾರು ಮಾಡಿಕೊಳ್ಳಬೇಡ. ನಿನ್ನೆ ಇಂಚರ ಫೋನಿನಲ್ಲಿ ಕಥೆ ಓದಿದಳು. ಹುಡುಗ ತಪ್ಪಿಸಿಕೊಂಡ ಹಸು ಹುಡುಕಿಕೊಂಡು ರಾತ್ರಿ ಹೊಳೆ ದಾಟುತ್ತಾನೆ, ಅದೇ ಕಥೆ. ಮೊದಲು ಅದರಲ್ಲಿ ಒಬ್ಬಳು ಅಜ್ಜಿ ಇದ್ದಳು. ಬಾಗಿಲಿಗೆ ಅಡ್ಡ ನಿಂತು ಬೈಯುತ್ತಾಳೆ, ಆಮೇಲೆ ತಾನೇ ಟಾರ್ಚ್ ತಂದು ಕೊಡುತ್ತಾಳೆ. ಈಗ ಆ ಅಜ್ಜಿ ಇಲ್ಲ! ಬೈಯುವುದಕ್ಕೆ ಒಬ್ಬ ವಾಚ್‌ಮನ್, ದಾರಿ ಹೇಳುವುದಕ್ಕೆ ಒಬ್ಬ ಸಾಧು. ಯಾಕೆ ಪುಟ್ಟಿ ಎಂದರೆ, ‘ಅಜ್ಜಿ ಯಾವ ಚೌಕದಲ್ಲೂ ಸರಿಯಾಗಿ ಕೂರುವುದಿಲ್ಲ ಅತ್ತೆ’ ಎಂದಳು. ನನಗೆ ಅಳು ಬಂತು.

ರಘು, 9:48
ಎರಡು ವಾರ ಒಂದು ಸಾಲೂ ಬರೆಯದೆ ಕೂತಿದ್ದಳು ಸಂಧ್ಯಾ. ಈ ಚಿತ್ರ ನೋಡಿದ ಮೇಲೇ ಪೆನ್ನು ಹಿಡಿದದ್ದು. ಅದನ್ನೂ ಹೇಳು.

ಮಧು, 9:50
ಅದು ನಿಜ ಸಂಧ್ಯಕ್ಕ. ನಾನೇ ನೋಡಿದ್ದೇನೆ.

ರಘು, 9:53
ಮತ್ತೆ ಇದು ಯಾರೋ ಸುಮ್ನೆ ಮಾಡಿದ ಪಟ್ಟಿಯೂ ಅಲ್ಲ. ಜೋಸೆಫ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ವಿದ್ವಾಂಸ ಜಗತ್ತಿನ ಪುರಾಣಗಳನ್ನು ಓದಿ 1949ರಲ್ಲಿ ಪುಸ್ತಕ ಬರೆದ. ನಾಯಕನ ಪಯಣ ಎಲ್ಲ ಕಡೆ ಒಂದೇ ಥರ ಎಂದ. ಹಾಲಿವುಡ್‌ನವರು ಅದನ್ನು ಇಟ್ಟುಕೊಂಡೇ ಸಿನಿಮಾ ಮಾಡಿದರು.

ಸಂಧ್ಯಾ, 10:05
ಗೊತ್ತು ಅಣ್ಣ. ಆದರೆ ಈ ಏಳು ಪಾತ್ರಗಳನ್ನು ಹೀಗೆ ಜೋಡಿಸಿ ಸಿನಿಮಾದವರಿಗೆ ಕೊಟ್ಟದ್ದು ಕ್ರಿಸ್ಟಫರ್ ವೋಗ್ಲರ್. ಡಿಸ್ನಿಯಲ್ಲಿದ್ದಾಗ ಕ್ಯಾಂಪ್‌ಬೆಲ್ ವಿಚಾರವನ್ನು ಏಳು ಪುಟಕ್ಕೆ ಇಳಿಸಿದ, 1992ರಲ್ಲಿ ಅದನ್ನು ಪುಸ್ತಕ ಮಾಡಿದ. ಅವನೇ ಹೇಳುತ್ತಾನೆ, ಇವು ಮುಖವಾಡಗಳು ಎಂದು. ಒಬ್ಬರೇ ಒಂದು ಹಾಕಿ, ತೆಗೆದು, ಇನ್ನೊಂದು ಹಾಕಬಹುದು. ಚಿತ್ರ ಮಾಡಿದವರು ಆ ಮಾತನ್ನೇ ಬಿಟ್ಟಿದ್ದಾರೆ.

ಸಂಧ್ಯಾ, 10:14
ನೀನು ಕಳಿಸಿದ ಪಟ್ಟಿಯನ್ನೇ ತೆಗೆದುಕೋ. ವಿಶ್ವಾಮಿತ್ರ ಗುರು, ಸರಿ. ಆದರೆ ದಶರಥನ ಆಸ್ಥಾನಕ್ಕೆ ಬಂದು ‘ಮಗನನ್ನು ಕಳಿಸು’ ಎಂದವನೂ ಅವನೇ ಅಲ್ವಾ? ಹಾಗಾದರೆ ಸುದ್ದಿ ತಂದವನೂ ಅವನೇ. ಮಾರೀಚ ಚಿನ್ನದ ಜಿಂಕೆ ಆಗುವ ಮೊದಲು ಏನು ಮಾಡಿದ? ರಾಮನ ತಂಟೆಗೆ ಹೋಗಬೇಡ, ನಿನ್ನ ಕುಲವೇ ಹಾಳಾಗುತ್ತದೆ ಎಂದು ರಾವಣನಿಗೆ ಬುದ್ಧಿ ಹೇಳಿದ. ಆ ಹೊತ್ತಿಗೆ ಅವನು ರಾವಣನ ಗುರು. ಲಂಕಿಣಿಯಂತೂ ಒಂದೇ ದೃಶ್ಯದಲ್ಲಿ ಬದಲಾಗುತ್ತಾಳೆ. ಹನುಮಂತನನ್ನು ತಡೆಯುತ್ತಾಳೆ, ಹೊಡೆಯುತ್ತಾಳೆ, ಪೆಟ್ಟು ತಿನ್ನುತ್ತಾಳೆ. ಆಮೇಲೆ ತಾನೇ ಬಾಯಿಬಿಟ್ಟು ಹೇಳುತ್ತಾಳೆ, ಕಪಿಯೊಬ್ಬ ನನ್ನನ್ನು ಸೋಲಿಸಿದ ದಿನ ರಾಕ್ಷಸರಿಗೆ ಕೇಡುಗಾಲ ಬಂತು ಎಂದು ಬ್ರಹ್ಮ ಹೇಳಿದ್ದ, ಆ ದಿನ ಇದೇ. ಬಾಗಿಲು ಕಾಯುತ್ತಿದ್ದವಳೇ ಸುದ್ದಿ ಹೇಳುವವಳಾದಳು!

ಸಂಧ್ಯಾ, 10:16
ಮತ್ತೆ ಸುಂದರಕಾಂಡ ಓದುವಾಗ ನಾಯಕ ಯಾರು ಹೇಳು. ಹನುಮಂತ. ಅವನ ಶಕ್ತಿ ನೆನಪಿಸಿದ ಜಾಂಬವಂತ ಗುರು. ಹನುಮಂತನನ್ನು ಕೀಟಲೆಗಾರನ ಚೌಕಕ್ಕೆ ಹಾಕಿ ಮುಗಿಸಿದ್ದು ನನಗೆ ನಿಜಕ್ಕೂ ನೋವಾಯಿತು.

ದೊಡ್ಡಮ್ಮ, 10:31
ಯಕ್ಷಗಾನದ ಆಟದಲ್ಲಿ ನೋಡಿಲ್ಲವೇ ಮಕ್ಕಳೇ. ಬಣ್ಣದ ವೇಷ, ಪುಂಡುವೇಷ, ಸ್ತ್ರೀವೇಷ, ಹಾಸ್ಯ ಎಂದು ಅಲ್ಲಿಯೂ ವಿಂಗಡಣೆ ಉಂಟು. ಆದರೆ ಒಬ್ಬ ಹಾಸ್ಯಗಾರ ಒಂದೇ ರಾತ್ರಿ ಬಾಗಿಲು ಕಾಯುತ್ತಾನೆ, ದೂತನಾಗಿ ಬರುತ್ತಾನೆ, ಬೆಳಗಿನ ಜಾವ ಮುದುಕ ಬ್ರಾಹ್ಮಣನೂ ಆಗುತ್ತಾನೆ.

ಮಧು, 10:33
ಬಬ್ರುವಾಹನ ಕಾಳಗ ಪ್ರಸಂಗದಲ್ಲಿ ಅರ್ಜುನನ ಮೇಲೇ ಸಿಟ್ಟು ಬರುತ್ತದೆ ನನಗೆ. ಹೆಂಡತಿಯನ್ನು ಹಾಗೆ ಹಂಗಿಸುತ್ತಾನಲ್ಲ, ಮಗನ ಎದುರಿಗೇ. ಆ ರಾತ್ರಿಯ ಮಟ್ಟಿಗೆ ನೆರಳು ಅವನೇ.

ರಘು, 10:40
ಸರಿ. ಆದರೆ ದೊಡ್ಡಮ್ಮ, ನೀವು ನಮಗೆ ರಂಗೋಲಿ ಕಲಿಸಿದ್ದು ಚುಕ್ಕಿ ಇಟ್ಟೇ ಅಲ್ವಾ? ಒಂಬತ್ತನೇ ಕ್ಲಾಸಿನ ಮಗು. ಮೊದಲು ಚುಕ್ಕಿ ಬೇಡವೇ?

ದೊಡ್ಡಮ್ಮ, 10:44
ಬೇಕು ಮಗ. ಗೆರೆ ಎಳೆದ ಮೇಲೆ ಚುಕ್ಕಿ ಕಾಣಬಾರದು, ಅಷ್ಟೇ.

ಸಂಧ್ಯಾ, 10:47
ಚುಕ್ಕಿ ಬೇಡ ಎನ್ನುವುದಿಲ್ಲ ರಘಣ್ಣ. ಅವಳು ಶುರು ಮಾಡಿದ್ದು ನಿನ್ನಿಂದಲೇ, ಒಪ್ಪುತ್ತೇನೆ. ಆದರೆ ‘ಇವರು ಯಾರು’ ಎಂದು ಕೇಳುವ ಬದಲು ‘ಇವರು ಈಗ ಏನು ಮಾಡುತ್ತಿದ್ದಾರೆ’ ಎಂದು ಕೇಳಲು ಹೇಳು. ಅಜ್ಜಿ ಮೊದಲು ತಡೆಯುತ್ತಾಳೆ, ಆಮೇಲೆ ದಾರಿ ತೋರಿಸುತ್ತಾಳೆ. ಮನೆಯ ಹಿರಿಯರೆಲ್ಲ ಹಾಗೇ ಅಲ್ವಾ? ನಾನು ಹಾಸ್ಟೆಲಿಗೆ ಹೊರಟಾಗ ಅಮ್ಮ ಮೂರು ದಿನ ಮಾತು ಬಿಟ್ಟಿದ್ದಳು. ಬಸ್ ಹತ್ತುವಾಗ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟವಳೂ ಅವಳೇ.

ರಘು, 10:58
ನೆನಪಿದೆ. ನಾನೂ ಅಲ್ಲೇ ಇದ್ದೆ.

ಮಧು, 11:20
(ಇಂಚರ ಬರೆಯುತ್ತಿದ್ದೇನೆ, ಅಪ್ಪನ ಫೋನ್) ದೊಡ್ಡಪ್ಪ, ಸಾಧು ಮತ್ತು ವಾಚ್‌ಮನ್ ಇಬ್ಬರನ್ನೂ ತೆಗೆಯಲಾ? ಈ ಸಲ ಅಜ್ಜಿ ಮೊದಲೇ ಟಾರ್ಚ್ ಬಚ್ಚಿಟ್ಟಿರುತ್ತಾಳೆ.

ರಘು, 11:22
ಯಾಕೆ ಬಚ್ಚಿಟ್ಟಳು ಪುಟ್ಟಿ?

ಮಧು, 11:23
ಅವಳ ಮಗನೂ ಒಂದು ರಾತ್ರಿ ಅದೇ ಹೊಳೆಗೆ ಹೋಗಿದ್ದ. ಟಾರ್ಚ್ ಮಾತ್ರ ದಡದಲ್ಲಿ ಸಿಕ್ಕಿತು.

ರಘು, 11:31
ತೆಗೆ. ಇಬ್ಬರನ್ನೂ ತೆಗೆ. ಇದನ್ನು ಬರೆದು ಮೊದಲು ಅತ್ತೆಗೆ ಓದು, ಆಮೇಲೆ ನನಗೆ.