ಬಂಡೆ ಮೇಲಿನ ಮಳೆಯನ್ನು ಹೊಲಕ್ಕೆ ಇಂಗಿಸುವುದು ಹೇಗೆ? ಜಿಂಬಾಬ್ವೆಯ ಒಣಸೀಮೆ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಜಿಂಬಾಬ್ವೆಯ ಮಸ್ವಿಂಗೊ ಕಡೆ ಹಳ್ಳಿ ಸಂಘಗಳ ಜೊತೆ ಕೆಲಸ ಮಾಡುತ್ತಿದ್ದೇವೆ. ಇಲ್ಲಿನ ಹೊಲಗಳು ಇಳಿಜಾರು. ತಲೆಯ ಮೇಲೆ ಬೋಳು ಗ್ರಾನೈಟ್ ಬಂಡೆ, ಹೊಲದ ಉದ್ದಕ್ಕೂ ಬ್ರಿಟಿಷರ ಕಾಲದ ಬದುಗಳು. ಜೋರು ಮಳೆ ಬಂದರೆ ಅರ್ಧ ಗಂಟೆಯಲ್ಲಿ ನೀರೆಲ್ಲ ಹಳ್ಳ ಸೇರುತ್ತದೆ. ಆಮೇಲೆ ಮೂರು ವಾರ ಮಳೆ ಇಲ್ಲದಿದ್ದರೆ ಮೆಕ್ಕೆಜೋಳ ಬಾಡುತ್ತದೆ. ಜ್ವಿಶವಾನೆಯ ರೈತ ಫಿರಿ ಅವರು ಮಾಡಿದ ಹಾಗೆ ಗುಂಡಿ ತೋಡೋಣ ಎಂದು ಊರವರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು, ಅಳತೆ ಎಷ್ಟಿರಬೇಕು?

ಉತ್ತರ (ಮಣ್ಣು-ನೀರು ಸಂರಕ್ಷಣೆ ಎಂಜಿನಿಯರ್): ಮೊದಲು ಆ ಹಳೇ ಬದುಗಳನ್ನು ಅರ್ಥ ಮಾಡಿಕೊಳ್ಳಿ. ಆಗಿನ ರೊಡೇಷಿಯಾ (ಇಂದಿನ ಜಿಂಬಾಬ್ವೆ) ಸರ್ಕಾರ ಅವನ್ನು ಕಡ್ಡಾಯ ಮಾಡಿ ಹಾಕಿಸಿದ್ದು ಮಣ್ಣು ಕೊಚ್ಚಿಹೋಗಬಾರದು ಎಂದು, ನೀರು ನಿಲ್ಲಲಿ ಎಂದಲ್ಲ. ಬದುವಿನ ಕಾಲುವೆಗೆ ಸಣ್ಣ ಇಳಿಜಾರು ಕೊಟ್ಟು, ನೀರನ್ನು ಹೊಲದಿಂದ ಹೊರಕ್ಕೆ ಸಾಗಿಸುವ ವ್ಯವಸ್ಥೆ ಅದು. ಹೆಚ್ಚು ಮಳೆಯ ಸೀಮೆಗೆ ಸರಿ. ವರ್ಷಕ್ಕೆ 450ರಿಂದ 650 ಮಿ.ಮೀ. ಬೀಳುವ ನಿಮ್ಮ ಸೀಮೆಯಲ್ಲಿ ಅದೇ ಬದು ಬೆಳೆಯ ಬಾಯಿಂದ ನೀರು ಕಸಿಯುತ್ತದೆ.

ಜೆಫನೈಯ ಫಿರಿ ಮಸೆಕೊ (1927–2015) ಹಿಡಿದದ್ದು ಇದನ್ನೇ. ರಾಜಕೀಯ ಕಾರಣಕ್ಕೆ 1964ರಲ್ಲಿ ರೈಲ್ವೆ ಕೆಲಸ ಹೋದ ಮೇಲೆ ಸುಮಾರು 3 ಹೆಕ್ಟೇರ್ ಇಳಿಜಾರಿನಲ್ಲಿ ಸಂಸಾರ ಸಾಕಬೇಕಾಯಿತು. ಅವರು ಬದು ಒಡೆಯಲಿಲ್ಲ, ಅದರ ಕಾಲುವೆಯೊಳಗೇ ಇಂಗುಗುಂಡಿಗಳನ್ನು ತೋಡಿದರು. ಹೊರಹೋಗುವ ನೀರು ಒಂದು ಗುಂಡಿ ತುಂಬಿಯೇ ಮುಂದಿನದಕ್ಕೆ ಹೋಗಬೇಕು. ಆದರೆ ಗುಂಡಿ ಅವರ ಕೆಲಸದ ಕೊನೆಯ ಹಂತ. ಮೊದಲ ಹಂತ ಬಂಡೆಯ ಬುಡದಲ್ಲಿದೆ. ಗುಂಡಿ ಮಾತ್ರ ನಕಲು ಮಾಡಿ ಮೇಲಿನದನ್ನು ಬಿಟ್ಟರೆ, ಒಂದೇ ಮಳೆಗಾಲದಲ್ಲಿ ಗುಂಡಿ ಹೂಳಿನಿಂದ ಮುಚ್ಚಿಹೋಗುತ್ತದೆ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ.

ಆದ್ದರಿಂದ ಕೆಲಸ ಮೇಲಿನಿಂದ ಕೆಳಕ್ಕೆ ಬರಲಿ. ಇಲ್ಲಿನ ಶೋನಾ ಭಾಷೆಯಲ್ಲಿ ರುವಾರೆ ಎನ್ನುವ ಆ ಬೋಳು ಬಂಡೆಯ ಮೇಲೆ, ನೀರು ಹರಿದು ಕಪ್ಪು ಗೆರೆ ಬಿದ್ದಿರುವ ಜಾಗಕ್ಕೆ ಅಡ್ಡಲಾಗಿ ಕಲ್ಲುಸಾಲು ಇಡಿ. ಸಿಮೆಂಟ್ ಬೇಡ, ನೀರು ಸಂದಿಯಿಂದ ಸೋಸಿ ಬರಲಿ, ಓಟ ನಿಲ್ಲಲಿ. ಬಂಡೆ ಮುಗಿದು ಮಣ್ಣು ಶುರುವಾಗುವಲ್ಲಿ ಕಲ್ಲೊಡ್ಡು: ಎತ್ತರ ಮೊಣಕಾಲು ಮಟ್ಟ ದಾಟದಿರಲಿ, ಬುಡವನ್ನು 15–20 ಸೆಂ.ಮೀ. ನೆಲದೊಳಗೆ ಕೂರಿಸಿ, ನಡುವೆ ತಗ್ಗು ಬಿಟ್ಟು ಎರಡು ತುದಿ ಎತ್ತರ ಮಾಡಿ. ಬುಡ ಕೂರಿಸದಿದ್ದರೆ ನೀರು ಅಡಿಯಿಂದ ಕೊರೆಯುತ್ತದೆ. ನಡು ತಗ್ಗಿಲ್ಲದಿದ್ದರೆ ಪಕ್ಕದಿಂದ ಸುತ್ತಿ ಹೋಗಿ ಹೊಸ ಕೊರಕಲು ಮಾಡುತ್ತದೆ. ಅದರ ಕೆಳಗೆ ಹೂಳುಗುಂಡಿ, ಅದರ ಕೆಳಗೆ ಅಸ್ತರಿ ಹಾಕದ ಹೊಂಡ. ಫಿರಿ ಆ ಹೊಂಡವನ್ನು ವಲಸೆ ಕಚೇರಿ ಎನ್ನುತ್ತಿದ್ದರು: ಬಂದ ನೀರನ್ನು ಬರಮಾಡಿಕೊಂಡು ಹೊಲಕ್ಕೆ ನೆಲೆಯೂರಿಸುವ ಜಾಗ. ಹೊಂಡ ಬೇಗ ಬತ್ತಿತೆಂದು ಊರವರು ಬೇಸರಪಟ್ಟರೆ ಹೇಳಿ, ಬತ್ತಿದ್ದಲ್ಲ, ಹೊಲದ ಅಡಿಗೆ ಇಳಿದಿದೆ.

ಗುಂಡಿಯ ಲೆಕ್ಕ ಹೀಗೆ. ಬಂಡೆಯ ವಿಸ್ತೀರ್ಣ 1,000 ಚದರ ಮೀಟರ್, ಮಳೆ 20 ಮಿ.ಮೀ. ಅಂದರೆ 20,000 ಲೀಟರ್. ಬೋಳು ಬಂಡೆಯಿಂದ ಮುಕ್ಕಾಲು ಪಾಲು ಇಳಿಯುತ್ತದೆಂದುಕೊಂಡರೆ 15,000. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿಗೆ 3,000 ಲೀಟರ್ ಹಿಡಿಸುತ್ತದೆ. ಒಂದು ಮಳೆಗೆ ಐದು ಗುಂಡಿ. ಅದಕ್ಕಿಂತ ದೊಡ್ಡ ಮಳೆಗೆ ಕೋಡಿ ಬೇಕೇ ಬೇಕು. ಕೊನೆಯ ಗುಂಡಿಯ ಆಚೆ ಹುಲ್ಲು ಬೆಳೆದ ಅಗಲ ಕೋಡಿ ಬಿಡಿ, ಅದರ ಮಟ್ಟ ಬದುವಿನ ನೆತ್ತಿಗಿಂತ ಒಂದು ಗೇಣು ಕೆಳಗಿರಲಿ. ತೋಡಿದ ಮಣ್ಣನ್ನು ಬದುವಿನ ಮೇಲೆ ಹಾಕಿ, ಕೆಳಗಿನ ಅಂಚಿಗೆ ಬಾಳೆ ಅಥವಾ ಹಣ್ಣಿನ ಗಿಡ ಹಾಕಿ. ಗುಂಡಿಯ ನೀರನ್ನು ಮೊದಲು ಕುಡಿಯುವುದು ಅವೇ.

ಪ್ರಶ್ನೆ: ಲೆವೆಲ್ ಯಂತ್ರ ಇಲ್ಲ. ಸಮಪಾತಳಿ ಗೆರೆ ಹಾಕುವುದು ಹೇಗೆ? ಮತ್ತೆ, ಇಲ್ಲಿ ಮಲೇರಿಯಾ ಇದೆ. ಗುಂಡಿಯಲ್ಲಿ ನೀರು ನಿಂತರೆ?

ಉತ್ತರ (ಎಂಜಿನಿಯರ್): ಏಣಿಕಾಲು ಸಾಕು. ಎರಡು ಮೀಟರ್ ಉದ್ದದ ಎರಡು ಗಳುಗಳ ತಲೆ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಕೋಲು ಬಿಗಿಯಿರಿ. ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡೂ ಕಾಲನ್ನು ನೆಲದ ಮೇಲೆ ನಿಲ್ಲಿಸಿ, ಕಾಲೂರಿದ ಜಾಗ ಗುರುತು ಮಾಡಿ, ದಾರ ಅಡ್ಡಕೋಲನ್ನು ಮುಟ್ಟುವ ಜಾಗಕ್ಕೆ ಕತ್ತಿಯಿಂದ ಗೀರು ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಅದೇ ಎರಡು ಗುರುತಿನ ಮೇಲೆ ನಿಲ್ಲಿಸಿ, ಇನ್ನೊಂದು ಗೀರು. ಎರಡರ ನಟ್ಟನಡು ನಿಮ್ಮ ಸಮಮಟ್ಟ. ಇದನ್ನು ಬಿಟ್ಟರೆ ಕಟ್ಟಿದ ಏಣಿಕಾಲೇ ಸೊಟ್ಟ, ಗೆರೆಯೂ ಸೊಟ್ಟ. ಆಮೇಲೆ ಒಂದು ಕಾಲು ಊರಿ ಇನ್ನೊಂದನ್ನು ತಿರುಗಿಸುತ್ತ, ದಾರ ನಡುಗೀರಿಗೆ ಬಂದಲ್ಲೆಲ್ಲ ಗೂಟ ಹೊಡೆಯುತ್ತ ಹೋಗಿ. ಗಾಳಿ ಇದ್ದರೆ ದಾರ ತೂಗಾಡುತ್ತದೆ, ಬೆಳಗ್ಗೆ ಬೇಗ ಮಾಡಿ.

ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರ, ಹತ್ತು ದಿನ ಬೇಕು. ಮರಳು ಮಣ್ಣಿನಲ್ಲಿ ಗುಂಡಿ ಅದಕ್ಕೆ ಮೊದಲೇ ಇಂಗುತ್ತದೆ. ಐದು ದಿನದ ಮೇಲೂ ನೀರು ನಿಂತಿದ್ದರೆ ತಳ ಹೂಳು ಮೆತ್ತಿದೆ ಎಂದರ್ಥ. ಬತ್ತಿದ ಮೇಲೆ ತಳ ಕೆರೆದು ಹೂಳನ್ನು ಹೊಲಕ್ಕೆ ಹಾಕಿ, ಅದು ಗೊಬ್ಬರದ ಮಣ್ಣು. ಮನೆ ಹತ್ತಿರದ ಗುಂಡಿಗೆ ಮಕ್ಕಳ ಭಯ ಇದೆ, ಅಲ್ಲಿ ಆಳ ಅರ್ಧ ಮಾಡಿ ಉದ್ದ ಹೆಚ್ಚಿಸಿ.

ಪ್ರಶ್ನೆ: ಸರ್ಕಾರದ ಫುಂವುಡ್ಜಾ ಗುಳಿ ಪದ್ಧತಿಯನ್ನೂ ನಮ್ಮ ಹಳ್ಳಿಯಲ್ಲಿ ಮಾಡಿದ್ದಾರೆ. ಕೆಲವರಿಗೆ ಒಳ್ಳೆ ಬೆಳೆ, ಕೆಲವರ ಹೊಲ ಮೂರನೇ ವಾರಕ್ಕೇ ಹಳದಿ. ಏಕೆ?

ಉತ್ತರ (ಬೇಸಾಯ ತಜ್ಞೆ, ಗುಂಪಿನ ಸದಸ್ಯೆ): ಇದಕ್ಕೆ ನಾನು ಹೇಳುತ್ತೇನೆ. ಗೊತ್ತಿಲ್ಲದವರಿಗಾಗಿ: 2020ರಿಂದ ಸರ್ಕಾರ ಪ್ರಚಾರ ಮಾಡಿದ, ನೇಗಿಲು ಹಾಕದೆ ಗುಳಿಯಲ್ಲಿ ಬಿತ್ತುವ ಪದ್ಧತಿ ಇದು. ಎನ್‌ಡೆಬೆಲೆ ಭಾಷೆಯಲ್ಲಿ ಇಂಟ್ವಾಸಾ. 39 ಮೀಟರ್ × 16 ಮೀಟರ್ ತುಂಡು, ಸಾಲಿನಿಂದ ಸಾಲಿಗೆ 75 ಸೆಂ.ಮೀ., ಗುಳಿಯಿಂದ ಗುಳಿಗೆ 60 ಸೆಂ.ಮೀ. 52 ಸಾಲು, ಸಾಲಿಗೆ 28 ಗುಳಿ, ಒಟ್ಟು 1,456. ಒಂದು ಸಾಲು ಒಂದು ಸಂಸಾರದ ಒಂದು ವಾರದ ಊಟ, 52 ಸಾಲು ವರ್ಷದ ಊಟ ಎಂಬ ಲೆಕ್ಕ. ನಮ್ಮ ಹಾವೇರಿ ಕಡೆಯ ಗುಳಿ ರಾಗಿ ಕಂಡವರಿಗೆ ಇದು ಹೊಸದೆನಿಸುವುದಿಲ್ಲ.

ಹಳದಿಯಾಗಲು ಮುಖ್ಯ ಕಾರಣ ಹೊದಿಕೆ, ಅಂದರೆ ನೆಲಕ್ಕೆ ಹಾಸುವ ಒಣ ದಂಟು. ಒಣ ಮೆಕ್ಕೆಜೋಳದ ದಂಟನ್ನು ಮಣ್ಣಿನೊಳಗೆ ಬೆರೆಸಿದ್ದಾರೆಯೇ ನೋಡಿ. ದಂಟನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ, ಪೈರು ಹಸಿದು ಹಳದಿಯಾಗುತ್ತದೆ. ಹೊದಿಕೆ ನೆಲದ ಮೇಲೆ ಮಾತ್ರ ಇರಬೇಕು. ಗುಳಿಯ ಬಾಯಿ ತೆರೆದಿರಬೇಕು, ಒಳಗೆ ಎರಡು ಬೊಗಸೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಹಸಿ ಗೊಬ್ಬರ ಹಾಕಿದರೆ ಕಳೆಯ ಬೀಜವನ್ನೂ ಬಿತ್ತಿದಂತೆ.

ಎರಡನೇ ತಪ್ಪು ಗುಳಿಯ ಅಳತೆ. 15 ಸೆಂ.ಮೀ. ಉದ್ದ, ಅಗಲ, ಆಳ ಎಂದು ಹೇಳಿಕೊಟ್ಟಿರುತ್ತಾರೆ, ಆದರೆ ಬೇಸಿಗೆಯಲ್ಲಿ ಗಟ್ಟಿ ನೆಲ ಅಗೆದು ಸುಸ್ತಾಗಿ ಎಂಟಕ್ಕೆ ನಿಲ್ಲಿಸುತ್ತಾರೆ. ನೇಗಿಲಿನ ಕೆಳಗಿನ ಗಟ್ಟಿಪದರ ಒಡೆಯದೆ ಉಳಿದರೆ ಬೇರು ಅಡ್ಡಕ್ಕೆ ತಿರುಗುತ್ತದೆ. ಈ ದುಡಿಮೆಗೆ ರೈತರು ಇಟ್ಟ ಹೆಸರು ದಿಗಾ ಉಫೆ, ಅಗೆದು ಸಾಯಿ ಎಂದು. ಅದನ್ನು ಗೊಣಗಾಟ ಎಂದು ತಳ್ಳಬೇಡಿ. ಅಗೆಯುವವರಲ್ಲಿ ಹೆಚ್ಚಿನವರು ಹೆಂಗಸರು. ಎರಡನೇ ವರ್ಷ ಅದೇ ಗುಳಿಯನ್ನು ಕೆದರಿದರೆ ಸಾಕು, ಆದರೆ ಗುಳಿ ಅದೇ ಜಾಗದಲ್ಲಿರಬೇಕು. ಅದಕ್ಕೇ 60 ಸೆಂ.ಮೀ.ಗೊಂದು ಬಾಟಲಿ ಮುಚ್ಚಳ ಸಿಕ್ಕಿಸಿದ ಹಗ್ಗ ಕಟ್ಟಿ ಅಗೆಯುವುದು. ಹೊಲದ ಎರಡು ತುದಿಯ ಗೂಟ ಕೀಳಬೇಡಿ.

ಗುಳಿಗೆ ಮೂರು ಕಾಳು, ಎರಡು-ಮೂರು ವಾರಕ್ಕೆ ಎರಡಕ್ಕೆ ಇಳಿಸಿ. ಮೂರನ್ನೂ ಉಳಿಸುವ ಆಸೆ ಬೇಡ, ಬರದಲ್ಲಿ ಮೂರೂ ಬಂಜೆಯಾಗುತ್ತವೆ.

ಪ್ರಶ್ನೆ: 2024ರ ಬರದಲ್ಲಿ ಗುಳಿ ಮಾಡಿದವರ ಮೆಕ್ಕೆಜೋಳವೂ ಹೋಯಿತಲ್ಲ ಮೇಡಂ. ಹಾಗಾದರೆ ಏನು ಪ್ರಯೋಜನ?

ಉತ್ತರ (ಬೇಸಾಯ ತಜ್ಞೆ): ಹೋಯಿತು, ನಿಜ. ಆ ಎಲ್‌ನಿನೊ ವರ್ಷ ಫೆಬ್ರವರಿಯಿಂದ ಏಪ್ರಿಲ್ ಮೊದಲ ವಾರದೊಳಗೆ ಜಾಂಬಿಯಾ, ಮಲಾವಿ, ಜಿಂಬಾಬ್ವೆ ಮೂರೂ ರಾಷ್ಟ್ರೀಯ ವಿಪತ್ತು ಘೋಷಿಸಿದವು. ಮೆಕ್ಕೆಜೋಳ ಸೂಲಂಗಿ ಬಿಟ್ಟು ರೇಷ್ಮೆ ಎಳೆ ಬರುವ ಎರಡು ವಾರ ನೀರಿಲ್ಲದಿದ್ದರೆ ಕಾಳು ಕಟ್ಟುವುದೇ ಇಲ್ಲ, ಆಮೇಲೆ ಎಷ್ಟು ಸುರಿದರೂ ವ್ಯರ್ಥ. ಗುಳಿ ಆ ಪೈರಿಗೆ ಕೆಲವು ದಿನ ಕೊಡುತ್ತದೆ, ತಿಂಗಳಲ್ಲ. ಆದ್ದರಿಂದ ಗುಳಿಯೊಳಗೆ ಏನು ಬಿತ್ತುತ್ತೀರಿ ಎನ್ನುವುದು ಗುಳಿಯಷ್ಟೇ ಮುಖ್ಯ. ಬಿಳಿಜೋಳ, ಸಜ್ಜೆ, ರಾಗಿ ಬರದಲ್ಲಿ ಬೆಳವಣಿಗೆ ತಡೆದು ಕಾಯುತ್ತವೆ, ಮಳೆ ಬಂದರೆ ಮತ್ತೆ ಚಿಗುರುತ್ತವೆ. ರಾಗಿ ಮೂಲತಃ ಆಫ್ರಿಕಾದ ಬೆಳೆ. ಶೋನಾದವರ ಜ್ವಿಯೊ, ನಮ್ಮ ಮುದ್ದೆಯ ರಾಗಿ ಒಂದೇ.

ಆದರೂ ರೈತರು ಮೆಕ್ಕೆಜೋಳ ಬಿಡುವುದಿಲ್ಲ, ಕಾರಣ ಇದೆ. ಕ್ವೀಲಿಯಾ ಎಂಬ ಕೆಂಪು ಕೊಕ್ಕಿನ ಸಣ್ಣ ಹಕ್ಕಿ ಸಾವಿರಗಟ್ಟಲೆ ಬಂದು ಜೋಳ, ಸಜ್ಜೆಯ ತೆನೆ ಬರಿದು ಮಾಡುತ್ತದೆ. ಒಬ್ಬರೇ ಬಿತ್ತಿದರೆ ಆ ಹೊಲಕ್ಕೇ ಎಲ್ಲ ಹಕ್ಕಿ. ಅಕ್ಕಪಕ್ಕದ ಹತ್ತು ಮನೆಯವರು ಒಂದೇ ವಾರ ಬಿತ್ತಿ, ತೆನೆ ಹಾಲುಗಟ್ಟಿದಾಗ ಸರದಿ ಕಾಯಬೇಕು. ಬಡಿದು ಕುಟ್ಟುವ ಕೆಲಸವೂ ಹೆಚ್ಚು. ಊರಿಗೊಂದು ಸಿಪ್ಪೆ ತೆಗೆಯುವ ಯಂತ್ರ ಇಲ್ಲದೆ ಸಿರಿಧಾನ್ಯ ಬೆಳೆಯಿರಿ ಎಂದು ಹೇಳುವುದು ಹೆಂಗಸರ ಬೆನ್ನಿನ ಮೇಲೆ ಭಾರ ಹೇರಿದಂತೆ.

ಪ್ರಶ್ನೆ (ಬೇರೊಬ್ಬ ಸದಸ್ಯರು, ಬುಲವಾಯೊ): ನಮ್ಮ ಮಟಬೆಲೆಲ್ಯಾಂಡ್ ದಕ್ಷಿಣದಲ್ಲಿ ಬಂಡೆಗಿಂತ ಮರಳು ನದಿಗಳೇ ಹೆಚ್ಚು. ಮರಳೊಡ್ಡು ಕಟ್ಟಬಹುದೇ?

ಉತ್ತರ (ಎಂಜಿನಿಯರ್): ಕಟ್ಟಬಹುದು, ಜಾಗ ಸರಿ ಇದ್ದರೆ. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಗೋಡೆ. ಅದರ ಹಿಂದೆ ದಪ್ಪ ಮರಳು ತುಂಬುತ್ತದೆ, ನೀರು ಮರಳಿನ ಸಂದಿಯಲ್ಲಿ ಕೂರುತ್ತದೆ. ಮೇಲ್ಮೈಯಿಂದ 60 ಸೆಂ.ಮೀ. ಕೆಳಗಿನ ನೀರು ಹೆಚ್ಚುಕಡಿಮೆ ಆವಿಯಾಗುವುದಿಲ್ಲ, ತೆರೆದ ಕೆರೆಗಿಂತ ಇದರ ದೊಡ್ಡ ಲಾಭ ಅದು. 100 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಮರಳು ಎಂದರೆ 1,500 ಘನ ಮೀಟರ್. ಅದರ ಕಾಲು ಭಾಗ ತೆಗೆಯಬಹುದಾದ ನೀರು: 3.75 ಲಕ್ಷ ಲೀಟರ್.

ಬೇಸಿಗೆಯಲ್ಲಿ ಜನ ಎಲ್ಲಿ ಒರತೆ ತೋಡುತ್ತಾರೆ ಕೇಳಿ. ಕಡೆಯವರೆಗೂ ಬತ್ತದ ಒರತೆಯ ಕೆಳಗೆ ಅಡ್ಡಬಂಡೆ ಇರುತ್ತದೆ, ಗೋಡೆಗೆ ಅದೇ ಜಾಗ. ಗೋಡೆ ಬಂಡೆಯ ಮೇಲೆ ಕೂರದೆ ಮರಳಿನ ಮೇಲೆ ಕೂತರೆ ನೀರು ಅಡಿಯಿಂದ ಸೋರುತ್ತದೆ. ಕಬ್ಬಿಣದ ಸಲಾಕೆ ಹೊಡೆದು ದಡದಿಂದ ದಡಕ್ಕೆ ಬಂಡೆಯ ಆಳ ಅಳೆಯಿರಿ. ದಡದೊಳಗೆ ರೆಕ್ಕೆಗೋಡೆ ಸಾಕಷ್ಟು ಹೋಗದಿದ್ದರೆ ಪ್ರವಾಹ ಪಕ್ಕ ಕೊರೆದು ಹೊಳೆಯೇ ದಾರಿ ಬದಲಿಸುತ್ತದೆ. ಒಂದು ಬೊಗಸೆ ಹೊಳೆಮರಳನ್ನು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಡಿ. ಮೇಲೆ ಕೆಸರಿನ ದಪ್ಪ ಪದರ ನಿಂತರೆ ಬೇರೆ ಹಳ್ಳ ನೋಡಿ. ಗ್ರಾನೈಟ್ ಸೀಮೆಯ ಮರಳು ದಪ್ಪ, ಬಸಾಲ್ಟ್ ಸೀಮೆಯದು ನುಣ್ಣಗೆ, ನೀರು ಬಿಡುವುದಿಲ್ಲ. ಒಮ್ಮೆಗೇ ಎತ್ತರ ಕಟ್ಟಿದರೂ ನೀರು ನಿಂತು ಕೆಸರೇ ಇಳಿಯುತ್ತದೆ. ಅನುಮಾನ ಇದ್ದಲ್ಲಿ ವರ್ಷಕ್ಕೆ ಅರ್ಧ ಮೀಟರ್‌ನಂತೆ ಏರಿಸಿ. ದನಗಳು ದಡದ ಕಲ್ಲು ನೆಕ್ಕುತ್ತಿದ್ದರೆ ಅಲ್ಲಿ ಉಪ್ಪಿದೆ, ಬೇಡ.

ಮತ್ತೆ, ಮರಳು ಲಾರಿಗಳು. ಕೋಲಾರ, ಚಿಕ್ಕಬಳ್ಳಾಪುರದ ಹೊಳೆಗಳಿಂದ ಮರಳು ತೆಗೆದು ನೀರಿಗೆ ಏನಾಯಿತೆಂದು ನಮಗೆ ಗೊತ್ತು. ಮರಳು ಹೋದರೆ ಟ್ಯಾಂಕೇ ಹೋದಂತೆ. ಮೇಲೆ ಕೆಳಗೆ ಎಷ್ಟು ದೂರ ಮರಳು ಎತ್ತಬಾರದು ಎಂದು ಗೋಡೆಗೆ ಕಲ್ಲು ತರುವ ಮೊದಲೇ ಊರವರೆಲ್ಲ ಸೇರಿ ಬರೆದಿಡಲಿ.

ಪ್ರಶ್ನೆ (ಮೊದಲಿನವರು): ಕೊನೆಯದು ಸರ್. ಸುಗ್ಗಿ ಮುಗಿದ ಮೇಲೆ ಎಲ್ಲರ ದನ ಎಲ್ಲರ ಹೊಲಕ್ಕೆ ಬಿಡುವ ಪದ್ಧತಿ. ಹೊದಿಕೆ ಉಳಿಯುವುದಿಲ್ಲ, ಬದುವೂ ತುಳಿತಕ್ಕೆ ಕುಸಿಯುತ್ತದೆ. ಮಳೆಗೆ ಎರಡು ತಿಂಗಳಿದೆ, ದುಡ್ಡು ಕಡಿಮೆ.

ಉತ್ತರ (ಎಂಜಿನಿಯರ್): ಬೇಲಿಗೆ ದುಡ್ಡು ಹಾಕಬೇಡಿ. ಇದು ಸಬೂಕು, ಅಂದರೆ ಊರ ಯಜಮಾನರ ಮುಂದೆ ಕೂತು ತೀರ್ಮಾನಿಸುವ ವಿಷಯ. ದನವಿಲ್ಲದ ಬಡವರು ಹೊದಿಕೆ ಬೇಕು ಎನ್ನುತ್ತಾರೆ, ದನವಿದ್ದವರಿಗೆ ಆ ದಂಟೇ ಬೇಸಿಗೆಯ ಮೇವು. ಎಲ್ಲ ಹೊಲ ಮುಚ್ಚಿಸಲು ಹೊರಟರೆ ಜಗಳ. ಮನೆ ಹತ್ತಿರದ ಗುಳಿ ತುಂಡು ಮತ್ತು ಬಂಡೆಯ ಬುಡ ಇವೆರಡನ್ನು ಮಾತ್ರ ಬಿಡಿಸಿಕೊಳ್ಳಿ. ದಂಟನ್ನು ಕೊಯ್ಲಿನ ದಿನವೇ ಮುಳ್ಳುಕೊಂಬೆಯ ಮೇಲೆ ಅಟ್ಟ ಹಾಕಿ, ಮಳೆಗೆ ಮೊದಲು ಹರಡಿ. ದನದವರಿಗೆ ಪ್ರತಿಯಾಗಿ ಏನು ಕೊಡುತ್ತೀರೆಂದು ಅದೇ ಸಭೆಯಲ್ಲಿ ಮಾತಾಡಿ. ಗೊಬ್ಬರ ಅವರಿಂದಲೇ ಬರಬೇಕಲ್ಲ.

ಕೆಲಸಕ್ಕೆ ‘ನ್ಹಿಂಬೆ’ ಕರೆಯಿರಿ. ನಮ್ಮ ಮುಯ್ಯಾಳಿನಂಥದ್ದೇ ಅದು: ಊರವರು ಸರದಿಯಲ್ಲಿ ಒಬ್ಬರ ಹೊಲಕ್ಕೆ ಬರುತ್ತಾರೆ, ಆ ಮನೆಯವರು ಊಟ, ಕುಡಿಯುವುದು ಕೊಡುತ್ತಾರೆ. ಎರಡು ತಿಂಗಳಲ್ಲಿ ಬಂಡೆಯ ಬುಡದ ಕಲ್ಲೊಡ್ಡು, ಹೂಳುಗುಂಡಿ, ಮೇಲಿನ ಒಂದು ಬದುವಿನಲ್ಲಿ ಐದು ಗುಂಡಿ, ಕೋಡಿ. ಇಷ್ಟೇ ಸಾಕು, ಕೆಳಗಿನ ಬದುಗಳನ್ನು ಈ ವರ್ಷ ಮುಟ್ಟಬೇಡಿ. ಮೊದಲ ದೊಡ್ಡ ಮಳೆಯಲ್ಲಿ ಗುದ್ದಲಿ ಹಿಡಿದು ಹೊಲದಲ್ಲೇ ನಿಂತಿರಿ. ನೀರು ಎಲ್ಲಿ ಬದು ಹತ್ತುತ್ತದೋ ಅಲ್ಲಿ ಕೂಡಲೇ ಮಣ್ಣು ಏರಿಸಿ, ಎಲ್ಲಿಂದ ತಪ್ಪಿಸಿಕೊಂಡಿತೋ ಅಲ್ಲಿ ಗೂಟ ಹೊಡೆದು ಗುರುತು ಇಡಿ. ಮುಂದಿನ ವರ್ಷದ ನಕ್ಷೆ ಆ ಗೂಟಗಳೇ.