ಕಾರಿನೊಳಗಿನ ಮರ: ಹೊಳೆಯುವ ವಾಲ್‌ನಟ್ಟೋ, ಮಾಸಲು ಆಶ್ ಮರವೋ? ಬಳಸಿದವರು ತಿಳಿಸಿ

ಬಸವನಗುಡಿಯವನು:
ಬರುವ ಶನಿವಾರದೊಳಗೆ ಹೊಸ ಕಾರಿನ ಬುಕಿಂಗ್ ಖಚಿತಪಡಿಸಬೇಕಾಗಿದೆ. ಒಳಾಂಗಣಕ್ಕೆ ಮೂರು ಆಯ್ಕೆಗಳಿವೆ: ಕನ್ನಡಿಯಂತೆ ಹೊಳೆಯುವ ವಾಲ್‌ನಟ್ ಗಂಟುಮರ, ರಂಧ್ರ ಮುಚ್ಚದ ಬೂದುಬಣ್ಣದ ಆಶ್ ಮರ, ಇಲ್ಲವೇ ಪಿಯಾನೊದಂತೆ ಮಿರುಗುವ ಕಪ್ಪು ಮೇಲ್ಮೈ (ಪಿಯಾನೊ ಕಪ್ಪು). ನಮ್ಮ ಮನೆಗೆ ಗ್ಯಾರೇಜಿಲ್ಲ. ಕಾರು ರಸ್ತೆಯಲ್ಲೇ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ, ಮಧ್ಯಾಹ್ನ ಎರಡರ ನಂತರ ಪಡುವಣ ಬಿಸಿಲು ನೇರವಾಗಿ ಮುಂಗಾಜಿಗೆ ಬೀಳುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವ ಉದ್ದೇಶವಿದೆ.

ಮೂರನೆಯ ಮಾಲೀಕ:
ವಾಲ್‌ನಟ್ ಎಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 2016ರಲ್ಲಿ ನಾನು ಕೊಂಡದ್ದು ಐದು ವರ್ಷ ಹಳೆಯದಾಗಿದ್ದ ಒಂದು ಜರ್ಮನ್ ಸೆಡಾನ್. ಕೊಂಡದ್ದೇ ಆ ಮರಕ್ಕಾಗಿ ಎಂದರೂ ತಪ್ಪಲ್ಲ. ಎಡಗಡೆಯ ಸುಳಿಯೂ ಬಲಗಡೆಯ ಸುಳಿಯೂ ನಡುಗೆರೆಯಲ್ಲಿ ಪ್ರತಿಬಿಂಬದಂತೆ ಕೂಡುತ್ತಿದ್ದವು. ಎಲೆಕ್ಟ್ರಾನಿಕ್ ಸಿಟಿಯ ಬಯಲು ಪಾರ್ಕಿಂಗಿನಲ್ಲಿ ಮೂರು ಬೇಸಗೆ ಕಳೆದ ಮೇಲೆ, 2019ರ ಏಪ್ರಿಲ್‌ನಲ್ಲಿ, ಎಡ ಬಾಗಿಲಿನ ಫಲಕದ ಕೆಳಅಂಚಿನಲ್ಲಿ ಜೇಡರ ಎಳೆಯಂಥ ಗೆರೆಯೊಂದು ಕಂಡಿತು. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅದು ಮಿಂಚುತ್ತಿತ್ತು, ಉಗುರಿಗೆ ತಾಗುತ್ತಿರಲಿಲ್ಲ. ದಸರಾ ಹೊತ್ತಿಗೆ ಉಗುರಿಗೂ ತಾಗಿತು, ಸುತ್ತ ಹಾಲು ಚೆಲ್ಲಿದಂತೆ ಬಿಳಿ ಮಬ್ಬೂ ಕವಿಯಿತು.

ಒಂದೇ ಫಲಕವನ್ನು ಮಾರುವುದಿಲ್ಲ, ಒಂಬತ್ತು ತುಂಡುಗಳ ಇಡೀ ಸೆಟ್ ತರಿಸಬೇಕು ಎಂದರು ಕಂಪನಿಯವರು. ಸೆಟ್ಟಿಗೆ 3,86,000 ರೂಪಾಯಿ, ಕೂರಿಸುವ ಕೂಲಿ 22,500, ಬಿಚ್ಚುವಾಗ ಮುರಿದ ಹದಿನಾಲ್ಕು ಕ್ಲಿಪ್‌ಗಳಿಗೆ ತಲಾ 340ರಂತೆ 4,760, ಒಟ್ಟು 4,13,260. ನಾಲ್ಕು ತಿಂಗಳು ಕಾದು ಬಂದ ಸೆಟ್ಟು ಗೇರ್ ಹಿಡಿಯ ಮರಕ್ಕಿಂತ ಒಂದು ಛಾಯೆ ಕೆಂಪಾಗಿತ್ತು. ಹಿಡಿಗೆ ಇನ್ನೂ 38,000 ಕೇಳಿದಾಗ ಕೈಮುಗಿದು ಹೊರಬಂದೆ. ಹಳೆಯ ಸೆಟ್ಟಿನ ಒಂಬತ್ತು ತುಂಡುಗಳೂ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿವೆ.

ಬಡಗಿಯ ಮಗ:
ಮೇಲಿನವರು ಮರವನ್ನು ಬೈಯುತ್ತಿದ್ದಾರೆ. ಬಿರಿದದ್ದು ಮರವಲ್ಲ, ಅದರ ಮೇಲಿನ ಹೊಳಪಿನ ಲೇಪ, ಅಂದರೆ ಲ್ಯಾಕರ್. ವೆನೀರ್, ಅಂದರೆ ಫಲಕಕ್ಕೆ ಅಂಟಿಸಿದ ಮರದ ತೆಳು ಹಾಳೆ, ಇರುವುದೇ ಅರ್ಧ ಮಿಲಿಮೀಟರಿನ ಆಸುಪಾಸು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ತೇವ ಕುಡಿದು ಹಿಗ್ಗುತ್ತದೆ, ಮಾರ್ಚಿನಲ್ಲಿ ಒಣಗಿ ಕುಗ್ಗುತ್ತದೆ. ಮೇಲಿರುವ ದಪ್ಪ ಲ್ಯಾಕರ್ ಬಿಸಿಲಿನ ನೇರಳಾತೀತ ಕಿರಣಕ್ಕೆ ಪೆಡಸಾಗಿ ಅದರ ಜೊತೆ ಹಿಗ್ಗಲಾರದೆ ಸೀಳುತ್ತದೆ. ಗಂಟುಮರದಲ್ಲಿ ನಾರು ದಿಕ್ಕುದಿಕ್ಕಿಗೆ ಹರಿಯುವುದರಿಂದ ಎಳೆತವೂ ಎಲ್ಲ ಕಡೆಯಿಂದ ಬೀಳುತ್ತದೆ. ಬೆಂಗಳೂರು ತಂಪು ಊರೆಂದು ನಂಬಿ ಮೋಸ ಹೋಗುವವರೇ ಹೆಚ್ಚು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿದು, ಗಾಳಿ ತಂಪಾದರೂ ಬಿಸಿಲು ಹರಿತ.

ನನ್ನದೂ ಅದೇ 2011ರ ಕಾರು, ಅದೇ ಮರ, ಅದೇ ರೋಗ. ಸೆಟ್ಟು ತರಿಸುವ ಬದಲು ನಾನೇ ಕೈಹಾಕಿದೆ. ಮೊದಲು ಬೂದಿತಟ್ಟೆಯ ಮುಚ್ಚಳದ ಮೇಲೆ ಪ್ರಯೋಗ ಮಾಡಿದೆ. 400 ನಂಬರಿನ ಮರಳುಕಾಗದದಿಂದ ಉಜ್ಜುತ್ತ ಕಂದು ಧೂಳು ಬರುತ್ತಿದ್ದುದನ್ನು ಲ್ಯಾಕರಿನದೆಂದೇ ತಿಳಿದಿದ್ದೆ. ಒರೆಸಿ ನೋಡಿದರೆ ಕೆಳಗಿನ ಅಲ್ಯೂಮಿನಿಯಂ ಹಳೆಯ ನಾಲ್ಕಾಣೆಯಷ್ಟಗಲ ಹೊಳೆಯುತ್ತಿತ್ತು. ಅಲ್ಲಿಂದ ಪಾಠ ಕಲಿತೆ. ಡ್ಯಾಶ್‌ಬೋರ್ಡಿನ ಉದ್ದ ಫಲಕವನ್ನು ಪ್ಲೈವುಡ್ ಮೇಲೆ ಹೊಸದಾಗಿಯೇ ಕಟ್ಟಿದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ವೆನೀರ್ ಹಾಳೆಗೆ 2,400, ಎರಡು ದ್ರವ ಬೆರೆಸುವ ಬಿಸಿಲುನಿರೋಧಕ ಕ್ಲಿಯರ್‌ಕೋಟಿಗೆ 3,100, ಮರಳುಕಾಗದಕ್ಕೆ 620, ಪೀಣ್ಯದಲ್ಲಿ ಒಂಬತ್ತು ಪದರ ಸಿಂಪಡಿಸಿದ್ದಕ್ಕೆ 11,000. ಒಟ್ಟು 17,120. ನಾಲ್ಕು ಲಕ್ಷ ಕೊಟ್ಟವರು ಓದಿಕೊಳ್ಳಲಿ.

ಮೂರನೆಯ ಮಾಲೀಕ:
ಓದಿಕೊಂಡೆ. ವೆನೀರಿನ ಕೆಳಗೆ ಅಲ್ಯೂಮಿನಿಯಂ ಇಡುವುದು ಅಪಘಾತದಲ್ಲಿ ಮರ ಚಕ್ಕೆಯೆದ್ದು ಮುಖಕ್ಕೆ ಚುಚ್ಚದಿರಲೆಂದು. ಅದನ್ನು ತೆಗೆದು, ಏರ್‌ಬ್ಯಾಗ್ ಸಿಡಿಯುವ ಜಾಗದ ಪಕ್ಕದಲ್ಲೇ ಪ್ಲೈವುಡ್ ಮೆತ್ತಿ, 17,120 ರೂಪಾಯಿಗೆ ಮುಗಿಸಿದೆನೆಂದು ಬೀಗುವವರ ಕಾರಿನಲ್ಲಿ ನಾನಂತೂ ಎಡಗಡೆ ಕೂರುವುದಿಲ್ಲ.

ಬಡಗಿಯ ಮಗ:
ತಮ್ಮನ್ನು ಯಾರೂ ಕೂರಲು ಕರೆದಿಲ್ಲ.

ಆಶ್‌ಪ್ರಿಯೆ:
ಕಣ್ಣು ಮುಚ್ಚಿಕೊಂಡು ರಂಧ್ರ ಮುಚ್ಚದ ಆಶ್ ಮರವನ್ನೇ ತೆಗೆದುಕೊಳ್ಳಿ. ವೈಟ್‌ಫೀಲ್ಡಿನಲ್ಲಿ ಆರು ವರ್ಷ ಬಿಸಿಲಲ್ಲೇ ನಿಂತಿರುವ ನನ್ನ ಕಾರಿನ ಮರದಲ್ಲಿ ಒಂದೇ ಒಂದು ಬಿರುಕಿಲ್ಲ. ಬಿರಿಯಲು ದಪ್ಪ ಪದರವೇ ಇಲ್ಲವಲ್ಲ. ಬೆರಳಾಡಿಸಿದರೆ ಏಣುಗಳು ತಿಳಿಯುತ್ತವೆ, ಮರವನ್ನೇ ಮುಟ್ಟಿದಂತಿರುತ್ತದೆ. ಈ ಆಯ್ಕೆಗೆ 1,40,000 ಹೆಚ್ಚು ಕೊಟ್ಟಿದ್ದೆ. 20 ಲಕ್ಷ ಮೀರಿದ ಕಾರಿಗೆ ನಮ್ಮಲ್ಲಿ ನೂರಕ್ಕೆ 18ರ ಜೀವಾವಧಿ ತೆರಿಗೆ ಇರುವುದರಿಂದ, ಮರದ ಮೇಲೂ ತೆರಿಗೆ ಕಟ್ಟಿದಂತಾಯಿತೆಂದು ನಮ್ಮ ಯಜಮಾನರು ಇಂದಿಗೂ ಹಂಗಿಸುತ್ತಾರೆ.

ಒಂದೇ ನೋವು. ಕೊಂಡ ವರ್ಷದ ಆಯುಧಪೂಜೆಯಂದು ನಮ್ಮ ಅತ್ತೆಯವರು ಸ್ಟೀರಿಂಗಿಗೆ ಹಚ್ಚಿದ್ದು ಸಾಲದೆಂದು ಏಸಿ ಕಿಂಡಿಯ ಕೆಳಗಿನ ಮರಕ್ಕೂ ಒದ್ದೆ ಅರಿಶಿನ, ಕುಂಕುಮಗಳ ಮೂರು ಬೊಟ್ಟು ಇಟ್ಟರು. ನಾನು ನೋಡುವಷ್ಟರಲ್ಲಿ ಅದು ರಂಧ್ರಗಳೊಳಗೆ ಇಳಿದು, ಬೂದು ಮರದಲ್ಲಿ ಹಳದಿ, ಕೆಂಪು ಗೀಟುಗಳಾಗಿ ಕೂತಿತ್ತು. ಮಗುವಿನ ಸೋಪು, ಹತ್ತಿಕಡ್ಡಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಎಲ್ಲವೂ ಆಯಿತು. ಅರಿಶಿನ ಬಿಸಿಲಿಗೆ ತಾನೇ ಮಾಸಿ ಎಂಟು ತಿಂಗಳಲ್ಲಿ ಹೋಯಿತು. ಕುಂಕುಮ ಹೋಗಲಿಲ್ಲ. ಈಗ ಪ್ರತಿವರ್ಷ ಪೂಜೆಯ ಹಿಂದಿನ ರಾತ್ರಿಯೇ ಮರದ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಹೊದಿಸುತ್ತೇನೆ.

ಕಪ್ಪು ಬೇಡ:
ಪಿಯಾನೊ ಕಪ್ಪಿನ ಬಗ್ಗೆ ಒಂದೇ ಮಾತು: ನಾನು ಕಾರು ಓಡಿಸುವುದಕ್ಕಿಂತ ಹೆಚ್ಚು ಹೊತ್ತು ಅದನ್ನು ಒರೆಸಿದ್ದೇನೆ. ಔಟರ್ ರಿಂಗ್ ರಸ್ತೆಯ ಮೆಟ್ರೊ ಕಾಮಗಾರಿಯ ಧೂಳು ಒಂದು ಕಡೆ, ಒರೆಸಿದ ಬಟ್ಟೆಯಿಂದಲೇ ಮೂಡಿದ ಗೀರುಗಳು ಇನ್ನೊಂದು ಕಡೆ.

ತೋಟದ ಮನೆ:
ವಾಲ್‌ನಟ್ಟು, ಆಶ್ ಎಂದು ಪರದೇಶದ ಮರಗಳ ಹಿಂದೆ ಬೀಳುವವರು ನಮ್ಮ ಬೀಟೆಯನ್ನು ಮರೆತದ್ದು ಸೋಜಿಗ. ನನ್ನದು ಪುಣೆಯಲ್ಲಿ ಜೋಡಿಸಿದ 1996ರ ಮರ್ಸಿಡಿಸ್, ಅದರ ಮೂಲ ಮರಕ್ಕೆ ಏನೂ ಆಗಿರಲಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ 2009ರ ಮಳೆಯಲ್ಲಿ ಚಿಕ್ಕಮಗಳೂರಿನ ನಮ್ಮ ತೋಟದಲ್ಲಿ ಅಜ್ಜನ ಕಾಲದ ಬೀಟೆ ಮರವೊಂದು ಉರುಳಿತು. ಅದರ ತುಂಡೊಂದು ನನ್ನ ಕಣ್ಣೆದುರಿಗಿರಲಿ ಎನ್ನಿಸಿತು. ನಮ್ಮದೇ ಜಾಗದ ಮರವಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ಸಾಗಿಸುವ ಕಾಗದಪತ್ರಗಳಿಗೇ ವರ್ಷ ಹಿಡಿಯಿತು. ಮೈಸೂರಿನಲ್ಲಿ ಇನ್‌ಲೇ (ಮರದೊಳಗೆ ಚಿತ್ತಾರ ಕೂರಿಸುವ) ಕೆಲಸ ಮಾಡುವ ಹಿರಿಯರೊಬ್ಬರು ಗೇರಿನ ಸುತ್ತಲಿನ ಫಲಕವನ್ನು ನಾಲ್ಕು ಮಿಲಿಮೀಟರ್ ದಪ್ಪದ ಇಡೀ ಬೀಟೆಯಲ್ಲಿ ಕೊರೆದುಕೊಟ್ಟರು. ಕಷಾಯದಂಥ ಬಣ್ಣ. ಎರಡನೆಯ ಬೇಸಗೆಗೆ ಬಿಲ್ಲಿನಂತೆ ಬಾಗಿ ಗೇರಿಗೆ ತಾಕತೊಡಗಿತು. ಎರಡು ಸಲ ಬಿಚ್ಚಿ ಹತ್ತರಿ ಹೊಡೆಸಿದ್ದೇನೆ. ಆದರೂ ತೆಗೆಯುವುದಿಲ್ಲ. ಮೇಲೆ ಚನ್ನಪಟ್ಟಣದ ಬೊಂಬೆಗಳಿಗೆ ಹಚ್ಚುವ ಅರಗನ್ನೇ ಹಚ್ಚಿಸಿದ್ದೇನೆ. ಲ್ಯಾಕರ್ ಎಂದರೆ ಅದೇ ತಾನೆ?

ಬಡಗಿಯ ಮಗ:
ಅಲ್ಲ, ಸ್ವಾಮಿ. ಚನ್ನಪಟ್ಟಣದ್ದು ಅರಗಿನ ಹುಳುವಿನಿಂದ ಬರುವ ಅಂಟು. ಚರಕಿಯ ಮೇಲೆ ತಿರುಗುವ ಆಲೆ ಮರಕ್ಕೆ ಒತ್ತಿ, ತಿಕ್ಕಾಟದ ಬಿಸಿಗೆ ಕರಗಿಸಿ ಹಚ್ಚುವಂಥದ್ದು. ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಮೆತ್ತಗಾಗುತ್ತದೆ. ಕಾರಿನ ಲ್ಯಾಕರ್ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್. ಹೆಸರು ಒಂದೇ, ಕುಲ ಬೇರೆ. ಇನ್ನು ನಿಮ್ಮದು ಬೀಟೆಯೋ, ಬಣ್ಣ ಕುಡಿದ ಸಿಸ್ಸೂ (ಶೀಶಮ್) ಮರವೋ ಎಂಬ ಅನುಮಾನವೂ ನನಗಿದೆ, ಒಳ್ಳೆಯ ಬೀಟೆ ಎರಡೇ ವರ್ಷಕ್ಕೆ ಹಾಗೆ ಬಾಗುವುದಿಲ್ಲ. ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಂದು ಚೂರು ಕೊಟ್ಟರೆ ಜಾತಿ ಹೇಳುತ್ತಾರೆ.

ತೋಟದ ಮನೆ:
ನನ್ನ ಅಜ್ಜ ನೆರಳಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ ಮರದ ಜಾತಿಯನ್ನು ಮಲ್ಲೇಶ್ವರದಲ್ಲಿ ಕೇಳಿ ತಿಳಿಯಬೇಕಾದ ದುರ್ಗತಿ ನನಗೆ ಬಂದಿಲ್ಲ. ಹಸಿ ಹಲಗೆಯನ್ನು ಕೊರೆಸಿದ್ದು ನನ್ನ ಅವಸರ, ಅದು ಮರದ ತಪ್ಪಲ್ಲ.

ಆಶ್‌ಪ್ರಿಯೆ:
ಬೀಟೆಯ ಇಡೀ ಕುಲವೇ 2017ರಿಂದ ಸೈಟಿಸ್, ಅಂದರೆ ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಅದರ ಹಲಗೆಯನ್ನು ಗೇರಿನ ಸುತ್ತ ಹಾಕಿ ಹೆಮ್ಮೆಪಡುವುದು ನನಗೆ ಸರಿಯೆನಿಸುವುದಿಲ್ಲ.

ತೋಟದ ಮನೆ:
ಆ ಪಟ್ಟಿ ದೇಶದ ಗಡಿ ದಾಟುವ ವ್ಯಾಪಾರಕ್ಕೆ ಸಂಬಂಧಿಸಿದ್ದು. ಬಿದ್ದ ಮರವನ್ನು ಗೆದ್ದಲಿಗೆ ಬಿಡಬೇಕಿತ್ತೇ? ಕುಂಕುಮ ಕಂಡರೆ ಪ್ಲಾಸ್ಟಿಕ್ ಹೊದಿಸುವವರಿಂದ ನಾನು ಧರ್ಮಸೂಕ್ಷ್ಮ ಕಲಿಯಬೇಕಾಗಿಲ್ಲ.

ಬಸವನಗುಡಿಯವನು:
ಎಲ್ಲರಿಗೂ ವಂದನೆಗಳು. ಹೊಂಗೆ ಮರದ ಅರೆನೆರಳಿನಲ್ಲಿ ನಿಲ್ಲುವ ಕಾರಿಗೆ, ಮುಂಗಾಜಿಗೆ ತೆರೆ ಹಾಕಿದರೆ ವಾಲ್‌ನಟ್ ಬಾಳೀತೇ ಎಂಬುದನ್ನು ಯಾರಾದರೂ ತಿಳಿಸಬಹುದೇ?

ಕಪ್ಪು ಬೇಡ:
ತೆರೆಗೂ ನಾನು 1,900 ಕೊಟ್ಟಿದ್ದೇನೆ. ಹಾಕುವುದು ಮೊದಲ ವಾರ ಮಾತ್ರ.

ಬಡಗಿಯ ಮಗ:
ಮೂರನೆಯ ಮಾಲೀಕರಿಗೆ: ಹಿಂದಿನ ಮಾತು ಬೇರೆ, ಇದು ಬೇರೆ. ಅಟ್ಟದ ಮೇಲಿನ ನಿಮ್ಮ ಹಳೆಯ ಸೆಟ್ಟಿನಲ್ಲಿ ಬೂದಿತಟ್ಟೆಯ ಮುಚ್ಚಳ ಬಿರಿಯದೆ ಉಳಿದಿದೆಯೇ? ನನ್ನದರ ಮೇಲಿನ ಆ ನಾಲ್ಕಾಣೆಯಗಲದ ಜಾಗಕ್ಕೆ ಏನು ಮಾಡಿದರೂ ವೆನೀರ್ ಹೊಂದಲಿಲ್ಲ. ನಾಲ್ಕು ವರ್ಷದಿಂದ ಗಣಪತಿಯ ಸ್ಟಿಕ್ಕರ್ ಅಂಟಿಸಿಕೊಂಡು ತಿರುಗುತ್ತಿದ್ದೇನೆ.

ಮೂರನೆಯ ಮಾಲೀಕ:
ಉಳಿದಿದೆ. ಒಂದು ಗೀರೂ ಇಲ್ಲ. 4,13,260ನ್ನು ಒಂಬತ್ತರಿಂದ ಭಾಗಿಸಿದರೆ 45,918 ಆಗುತ್ತದೆ; ಅಷ್ಟು ಕೇಳುವುದಿಲ್ಲ. ಭಾನುವಾರ ಹತ್ತರ ನಂತರ ಬನ್ನಿ. ಬರುವಾಗ ಆ ಪ್ಲೈವುಡ್ ಫಲಕ ಇರುವ ಕಾರಿನಲ್ಲೇ ಬನ್ನಿ, ಅದನ್ನೊಮ್ಮೆ ನೋಡಬೇಕು.