ಗುರುತನ್ನು ಬದಲಿಸುವುದು ಯಂತ್ರವೋ, ಯಂತ್ರವನ್ನು ಇಟ್ಟ ಜಾಗವೋ? ನಮ್ಮ ಮೂರು ಜಿಲ್ಲೆಗಳ ಉದಾಹರಣೆ ಬೇಕಾಗಿದೆ

ಪ್ರಶ್ನೆ: ನವನಗರದ ಉಪನ್ಯಾಸಕಿ, ಬಾಗಲಕೋಟೆ

ಮಾನ್ಯರೇ,

ನಾನು ಬಾಗಲಕೋಟೆಯ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ತಂತ್ರಜ್ಞಾನ, ಮಾಧ್ಯಮ ಮತ್ತು ಜನ ಬದುಕುವ ಜಾಗ ಇವು ಮೂರೂ ಸೇರಿ ಏಷ್ಯಾದ ಸಮಾಜಗಳ ಸಾಂಸ್ಕೃತಿಕ ಗುರುತನ್ನು ಹೇಗೆ ರೂಪಿಸಿವೆ ಎಂಬ ವಿಷಯವನ್ನು ಈ ಸೆಮಿಸ್ಟರಿನಲ್ಲಿ ಪಾಠ ಮಾಡಬೇಕಾಗಿದೆ. ಸಿಗುವ ಉದಾಹರಣೆಗಳೆಲ್ಲ ಟೋಕಿಯೊ, ಸೋಲ್, ಸಿಂಗಪುರದವು. ಮಕ್ಕಳು ಅವನ್ನು ಬಾಯಿಪಾಠ ಮಾಡುತ್ತಾರೆ. ಆದರೆ ನಮ್ಮ ಊರಿನ ಬಗ್ಗೆ ಬರೆಯಿರಿ ಎಂದರೆ "ಮೊಬೈಲ್ ಬಂದು ನಮ್ಮ ಸಂಸ್ಕೃತಿ ಹಾಳಾಯಿತು" ಎಂಬ ಒಂದೇ ವಾಕ್ಯವನ್ನು ಅರವತ್ತು ಜನರೂ ಬರೆದು ಕೊಡುತ್ತಾರೆ.

ನನಗೆ ಆ ಉತ್ತರ ಒಪ್ಪಿಗೆಯಾಗುತ್ತಿಲ್ಲ. ಕಾರಣಕ್ಕೆ ಕರಾವೊಕೆಯನ್ನೇ ನೋಡಬಹುದು. 1971ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಇನೊಯೆ ದೈಸುಕೆ ಎಂಬ ವಾದಕ ಹಾಡಿನ ಹಿನ್ನೆಲೆ ಸಂಗೀತವನ್ನಷ್ಟೇ ನುಡಿಸುವ ಯಂತ್ರವನ್ನು ತಯಾರಿಸಿ ಮದ್ಯದಂಗಡಿಗಳಿಗೆ ಬಾಡಿಗೆಗೆ ಕೊಟ್ಟರು. ಆಗ ಅದು ಬಹುಮಟ್ಟಿಗೆ ಕಚೇರಿ ಮುಗಿಸಿ ಬಂದ ಗಂಡಸರ ಆಟವಾಗಿತ್ತು. ಎಂಬತ್ತರ ದಶಕದಲ್ಲಿ ಒಕಾಯಾಮಾ ಕಡೆ ಹಳೆಯ ಸರಕು ಕಂಟೇನರುಗಳನ್ನು ಚಿಕ್ಕ ಕೋಣೆಗಳನ್ನಾಗಿ ಮಾಡಿ ಅದೇ ಯಂತ್ರವನ್ನು ಒಳಗಿಟ್ಟ ಮೇಲೆ ಶಾಲೆಯ ಮಕ್ಕಳು, ಗೃಹಿಣಿಯರು, ಇಡೀ ಕುಟುಂಬಗಳು ಹಾಡಲು ಬಂದರು. ಯಂತ್ರ ಹೆಚ್ಚೇನೂ ಬದಲಾಗಿರಲಿಲ್ಲ, ಅದನ್ನಿಟ್ಟ ಕೋಣೆ ಬದಲಾಗಿತ್ತು.

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಲ್ಲಿ ಇಂಥ ಉದಾಹರಣೆಗಳಿವೆಯೇ? ಯಂತ್ರದ ಪಾಲೆಷ್ಟು, ಜಾಗದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಲು ಬರುವಂಥವು ಬೇಕು. ಹಾಳಾದದ್ದರ ಪಟ್ಟಿ ನನ್ನ ಬಳಿ ಸಾಕಷ್ಟಿದೆ, ದಯವಿಟ್ಟು ಅದನ್ನು ಬಿಟ್ಟು ಬರೆಯಿರಿ.

ಉತ್ತರ 1: ಗುಮ್ಮಟದ ನೆರಳು, ವಿಜಯಪುರ

ಮೇಡಂ, ನೀವು ಕೇಳಿದಂಥ ಉದಾಹರಣೆಯೊಂದು ನಮ್ಮ ಜಿಲ್ಲೆಯಲ್ಲಿಯೇ ನಡೆದುಹೋಗಿದೆ. ಇಲ್ಲಿಯವರೇ ಅದನ್ನು ಮರೆತಿದ್ದಾರೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ನಾಸಾ ಎರವಲು ಕೊಟ್ಟಿದ್ದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೊ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮಗಳನ್ನು ತಲುಪಿಸಿತು. ಸೈಟ್ ಎಂಬ ಹೆಸರಿನ ಈ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಅಂದಿನ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ ಎಂಬುದನ್ನು ನೆನೆದರೆ, ರಾಜಧಾನಿಗಿಂತ ಆರು ವರ್ಷ ಮೊದಲು ನಮ್ಮ ಹಳ್ಳಿಗಳು ಟಿವಿ ನೋಡಿದ್ದವು. ಹೈದರಾಬಾದಿನಲ್ಲಿ ತಯಾರಾದ ಕನ್ನಡ ಕಾರ್ಯಕ್ರಮ ಅಹಮದಾಬಾದಿನಿಂದ ಆಕಾಶಕ್ಕೆ ಏರಿ ಸಿಂದಗಿ ತಾಲ್ಲೂಕಿನ ಶಾಲೆಯೊಂದರ ಮಾಳಿಗೆಗೆ ಇಳಿಯುತ್ತಿತ್ತು. ಅಲ್ಲಿ ಅದನ್ನು ಹಿಡಿಯಲು ಇಟ್ಟಿದ್ದದ್ದು ತಂತಿ ಜಾಳಿಗೆಯಿಂದ ಹೆಣೆದ, ಹತ್ತು ಅಡಿ ಅಗಲದ ಕೊಡೆ.

ನಮ್ಮ ತಂದೆಯವರು ಆ ಶಾಲೆಯಲ್ಲಿ ಮಾಸ್ತರರಾಗಿದ್ದರು. ಟಿವಿ ಪೆಟ್ಟಿಗೆಯ ಕೀಲಿಕೈ ಅವರ ಜನಿವಾರದಷ್ಟೇ ಅವರನ್ನು ಅಂಟಿಕೊಂಡಿರುತ್ತಿತ್ತು ಎಂದು ತಾಯಿಯವರು ಈಗಲೂ ನಗುತ್ತಾರೆ. ಬೆಳಿಗ್ಗೆ ಮಕ್ಕಳಿಗೆ ಒಂದೂವರೆ ತಾಸು, ಸಂಜೆ ಊರಿಗೆಲ್ಲ ಎರಡೂವರೆ ತಾಸು ಪ್ರಸಾರ. ಮೊದಲ ವಾರಗಳಲ್ಲಿ ಊರು ಹೇಗೆ ಇತ್ತೋ ಹಾಗೆಯೇ ಕೂರುತ್ತಿತ್ತು: ಗೌಡರಿಗೆ ಮನೆಯಿಂದ ಕುರ್ಚಿ ಬರುತ್ತಿತ್ತು, ಹೆಂಗಸರು ಕಿಟಕಿಯ ಹೊರಗೆ ನಿಲ್ಲುತ್ತಿದ್ದರು, ಊರ ಹೊರಗಿನ ಕೇರಿಯವರು ಬೇವಿನ ಗಿಡದ ಆಚೆ ಕೂತು ಕಾಣದ ಚಿತ್ರದ ಧ್ವನಿಯನ್ನಷ್ಟೇ ಕೇಳುತ್ತಿದ್ದರು. ಒಂದು ಸಂಜೆ ಕಾರ್ಯಕ್ರಮದ ನಡುವೆಯೇ ದಪ್ಪ ಹನಿಯ ಮಳೆ ಬಂತು. ಎದ್ದು ಹೋಗಲು ಯಾರಿಗೂ ಮನಸ್ಸಿಲ್ಲ. ಇದ್ದದ್ದು ಒಂದೇ ಪಡಸಾಲೆ. ಅಂದು ಎಲ್ಲರೂ ಒಂದೇ ಸೂರಿನಡಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತು ಶೇಂಗಾ ಬೆಳೆಯ ರೋಗದ ಬಗ್ಗೆ ನೋಡಿದರಂತೆ. ಮರುದಿನ ಬಿಸಿಲಿತ್ತು, ಕೆಲವರು ಹಳೆಯ ಜಾಗಕ್ಕೆ ಮರಳಿದರು, ಕೆಲವರು ಮರಳಲಿಲ್ಲ. ಅಸ್ಪೃಶ್ಯತೆಯ ವಿರುದ್ಧ ಪೆಟ್ಟಿಗೆಯೊಳಗೆ ಯಾರು ಏನು ಹೇಳಿದರೋ ತಂದೆಯವರಿಗೆ ನೆನಪಿರಲಿಲ್ಲ, ಪಡಸಾಲೆ ಎಷ್ಟು ಅಗಲವಿತ್ತು ಎಂಬುದು ಮಾತ್ರ ಕೊನೆಯವರೆಗೂ ನೆನಪಿತ್ತು. ಮುಂದೆ ಮನೆಮನೆಗೆ ಟಿವಿ ಬಂದಾಗ ಜನ ಮತ್ತೆ ತಮ್ಮ ತಮ್ಮ ಗೋಡೆಯೊಳಗೆ ಹೋದರು.

ಇನ್ನೊಂದು ಉದಾಹರಣೆ ಅಚ್ಚಿನ ಮೊಳೆಯದು. ವಕೀಲರಾಗಿ ವಿಜಯಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ತಾಳೆಗರಿಗಳನ್ನು ಕೂಡಿಹಾಕಿ, ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ಶಿವಾನುಭವ ಪತ್ರಿಕೆ ಹೊರಟಿತು. ಅಲ್ಲಿಯವರೆಗೆ ವಚನದ ಕಟ್ಟು ಜಗುಲಿಯ ಮೇಲೆ ಪೂಜೆಗೊಳ್ಳುವ ವಸ್ತುವಾಗಿ ಎಷ್ಟೋ ಮನೆಗಳಲ್ಲಿ ಇತ್ತು. ಅಚ್ಚಾದ ಮೇಲೆ ಅದು ಓದುವ, ವಾದಿಸುವ, ಪರೀಕ್ಷೆಗೆ ಬರೆಯುವ ಪಠ್ಯವಾಯಿತು. ಜಗುಲಿಯಿಂದ ಮೇಜಿಗೆ ಬಂದ ಈ ಪಯಣ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ.

ಉತ್ತರ 2: ಖಡೇಬಜಾರದ ಓದುಗ, ಬೆಳಗಾವಿ

ವಿಜಯಪುರದವರು ಹಳಕಟ್ಟಿಯವರನ್ನು ಪೂರ್ತಿಯಾಗಿ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವ ಮೊದಲು ಒಂದು ಮಾತು: ಅವರ ವಚನ ಸಂಕಲನದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ.

ನಮ್ಮದು ಎರಡು ಭಾಷೆಯ ಮನೆ. ತಾಯಿ ಶಹಾಪುರದ ಮರಾಠಿ ಮನೆತನದವರು, ತಂದೆ ಬೈಲಹೊಂಗಲದವರು. ಅಡುಗೆಮನೆಯ ಗೂಡಿನಲ್ಲಿ ಒಂದೇ ರೇಡಿಯೋ ಇತ್ತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರ ತಂದೆಯದು, ಸಾಂಗ್ಲಿ ಕೇಂದ್ರ ತಾಯಿಯದು. ಸಂಜೆ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡಿದರೆ ಅಂದು ಮನೆಯಲ್ಲಿ ಯಾರ ಮಾತು ನಡೆದಿದೆ ಎಂದು ತಿಳಿಯುತ್ತಿತ್ತು. ಆದರೆ ರೇಡಿಯೋ ಒಂದೇ ಆಗಿದ್ದರಿಂದ ತಂದೆಗೆ ನಾಟ್ಯಸಂಗೀತದ ಪದಗಳು ಬಾಯಿಗೆ ಬಂದವು, ತಾಯಿಗೆ ಕನ್ನಡದ ಭಾವಗೀತೆಗಳು ಬಂದವು. ಈಗ ನಮ್ಮ ಮನೆಯಲ್ಲಿ ಐದು ಮೊಬೈಲ್‌ಗಳಿವೆ. ಯಾರಿಗೂ ಯಾರ ಹಾಡಿನಿಂದಲೂ ತೊಂದರೆ ಇಲ್ಲ, ಹಾಗಾಗಿ ನನ್ನ ಮಗಳಿಗೆ ಅಜ್ಜಿಯ ಒಂದು ಪದವೂ ಗೊತ್ತಿಲ್ಲ. ಮೇಡಂ ಅವರು ಹಾಳಾದದ್ದರ ಪಟ್ಟಿ ಬೇಡ ಎಂದಿದ್ದಾರೆ; ಇದನ್ನು ಪಟ್ಟಿಗೆ ಸೇರಿಸಬೇಡಿ, ಕೋಣೆಯ ಲೆಕ್ಕಕ್ಕೆ ಸೇರಿಸಿ.

ಸಿಂಗಪುರದ ಹೋಲಿಕೆಯನ್ನು ಇಲ್ಲಿ ತರಬಹುದು. 1979ರಲ್ಲಿ ಅಲ್ಲಿಯ ಸರ್ಕಾರ ಚೀನೀ ಮೂಲದವರೆಲ್ಲ ಮ್ಯಾಂಡರಿನ್ ಮಾತನಾಡಬೇಕೆಂಬ ಅಭಿಯಾನ ಶುರುಮಾಡಿ, ಮುಂದಿನ ಕೆಲವೇ ವರ್ಷಗಳಲ್ಲಿ ಹೊಕ್ಕಿಯೆನ್, ಕ್ಯಾಂಟನೀಸ್ ಮುಂತಾದ ಮನೆಮಾತಿನ ಕಾರ್ಯಕ್ರಮಗಳನ್ನು ರೇಡಿಯೋ ಮತ್ತು ಟಿವಿಯಿಂದ ಹಂತಹಂತವಾಗಿ ತೆಗೆಯಿತು. ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಮಾತು ಹೊಂದದ ಮನೆಗಳು ಅಲ್ಲಿ ಆದೇಶದಿಂದ ಹುಟ್ಟಿದವು. ನಮ್ಮಲ್ಲಿ ಯಾರೂ ಆದೇಶ ಹೊರಡಿಸಲಿಲ್ಲ, ಇಯರ್‌ಫೋನ್ ಸಾಕಾಯಿತು.

ಮರೆಯಬಾರದ ಇನ್ನೊಬ್ಬರು ಅಮೀರ್‌ಬಾಯಿ ಕರ್ನಾಟಕಿ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಮುಂಬಯಿಗೆ ಹೋಗಿ ನಲವತ್ತರ ದಶಕದಲ್ಲಿ ಹಿಂದಿ ಚಿತ್ರರಂಗದ ಬಹು ದೊಡ್ಡ ಗಾಯಕಿಯಾದರು. ಅಕ್ಕ ಗೋಹರ್‌ಬಾಯಿಯವರಿಗೂ ಅದೇ ಅಡ್ಡಹೆಸರು. ಕರ್ನಾಟಕ ಎಂಬ ಹೆಸರಿನ ರಾಜ್ಯ ಆದದ್ದು 1973ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಗ್ರಾಮಫೋನ್ ತಟ್ಟೆಯ ಮೇಲೆ ಈ ಅಕ್ಕತಂಗಿಯರು ಕರ್ನಾಟಕಿಯರಾಗಿದ್ದರು. ಊರಿನಲ್ಲಿದ್ದಿದ್ದರೆ ಅವರನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ದೂರದ ಊರು ಮತ್ತು ತಟ್ಟೆಯ ನಡುವಿನ ಆ ಗುಂಡನೆಯ ಚೀಟಿ, ಇವೆರಡೂ ಕೂಡಿದ್ದರಿಂದ ಆ ಗುರುತು ಬೇಕಾಯಿತು. ಹಾಗಾಗಿ ಯಂತ್ರವನ್ನೂ ಜಾಗವನ್ನೂ ಬೇರ್ಪಡಿಸಲು ಬರುತ್ತದೆ ಎಂಬ ನಿಮ್ಮ ನಂಬಿಕೆಯ ಮೇಲೆ ನನಗೆ ಸ್ವಲ್ಪ ಅನುಮಾನವಿದೆ.

ಉತ್ತರ 3: ಸೆರಗು, ಇಳಕಲ್

ಎಲ್ಲರೂ ಜಾಗದ ಪರವಾಗಿಯೇ ಬರೆಯುತ್ತಿದ್ದೀರಿ. ಯಂತ್ರದ ಪರವಾಗಿ ನಾನು ಎರಡು ಮಾತು ಬರೆಯುತ್ತೇನೆ, ಮಗ್ಗದ ಮನೆಯಲ್ಲಿ ಹುಟ್ಟಿದವನಾದ್ದರಿಂದ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಸೆರಗಿನ ಮೇಲಿನ ತೆನೆ, ದಡಿಯ ಚಿಕ್ಕಿಪರಾಸು ವಿನ್ಯಾಸ ನೋಡಿಯೇ ಇದು ಇಳಕಲ್ಲಿನದು ಎಂದು ಜನ ಗುರುತಿಸುತ್ತಾರೆ. ವಿದ್ಯುತ್ ಮಗ್ಗ ಬಂದ ಮೇಲೆ ಅದೇ ನೋಟದ ಸೀರೆಯನ್ನು ಕೊಂಡಿಯ ಗೊಡವೆಯೇ ಇಲ್ಲದೆ ಎಲ್ಲಿ ಬೇಕಾದರೂ ನೇಯಬಹುದು. ಅಲ್ಲಿಗೆ ಜಾಗದ ಮಾತು ಮುಗಿಯಿತಲ್ಲವೇ?

ಈಗ ವ್ಯಾಪಾರ ವಾಟ್ಸಾಪಿನಲ್ಲಿ ನಡೆಯುತ್ತದೆ. ನಮ್ಮ ಸೆರಗಿನ ಕೆಂಪನ್ನು ಮೊಬೈಲ್ ಕ್ಯಾಮೆರಾ ಸರಿಯಾಗಿ ಹಿಡಿಯುವುದಿಲ್ಲ, ಟ್ಯೂಬ್‌ಲೈಟಿನಲ್ಲಿ ಗುಲಾಬಿ ಆಗುತ್ತದೆ, ಬಿಸಿಲಿನಲ್ಲಿ ಕಿತ್ತಳೆ ಆಗುತ್ತದೆ. ಅದಕ್ಕಾಗಿ ನಮ್ಮ ತಮ್ಮ ಬೆಳಿಗ್ಗೆ ಒಂಬತ್ತರೊಳಗೆ ಹಿತ್ತಲಿನ ಗೋಡೆಯ ನೆರಳಿನಲ್ಲಿ ಸೀರೆ ಹರವಿ ಚಿತ್ರ ತೆಗೆಯುತ್ತಾನೆ. ಆದರೂ "ಫೋಟೋದಾಗಿನ ಬಣ್ಣಾನ ಬೇಕ್ರಿ" ಎಂದು ಪುಣೆಯಿಂದ ಒಬ್ಬರು ಸೀರೆ ತಿರುಗಿ ಕಳಿಸಿದರು. ಈಗ ಬಣ್ಣ ಹಾಕುವವರಿಗೆ ನಾವು ಮೊಬೈಲ್ ತೋರಿಸಿ "ಹಿಂಗ ಮಾಡ್ರಿ" ಎನ್ನುತ್ತಿದ್ದೇವೆ. ಇಷ್ಟು ವರ್ಷ ಕಣ್ಣಳತೆಯಲ್ಲಿದ್ದ ಕೆಂಪನ್ನು ಪರದೆ ಬದಲಿಸಿತು. ಇದನ್ನು ನಿಮ್ಮ ಪಾಠದಲ್ಲಿ ಎಲ್ಲಿಗೆ ಸೇರಿಸುತ್ತೀರೋ ಸೇರಿಸಿ.

ಉತ್ತರ 4: ಕಿಲ್ಲಾದವ, ಬಾಗಲಕೋಟೆ

ಮೇಡಂ, ನೀವು ನವನಗರದಲ್ಲಿ ಕೂತು ಜಾಗದ ಉದಾಹರಣೆ ಕೇಳುತ್ತಿರುವುದು ನೋಡಿ ನಗು ಬಂತು, ತಪ್ಪು ತಿಳಿಯಬೇಡಿ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಹಿನ್ನೀರು ಘಟಪ್ರಭೆಯಗುಂಟ ಹಿಂದೆ ಸರಿದು ನಮ್ಮ ಹಳೆಯ ಊರಿನ ತಗ್ಗಿನ ಭಾಗಗಳನ್ನು ನುಂಗಿತು, ಜನರಿಗೆ ನವನಗರ ಕಟ್ಟಿದರು. ನೀವು ಪಾಠ ಮಾಡುವ ತರಗತಿಯೇ ನಿಮ್ಮ ಉದಾಹರಣೆ.

ಹಳೆಯ ಊರಿನಲ್ಲಿ ಪೇಟೆಗಳಿದ್ದವು: ಕಿಲ್ಲಾ, ಹಳೇಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. "ನೀವ ಯಾವ ಪ್ಯಾಟಿಯವರು?" ಎಂದು ಕೇಳಿದರೆ ಮನೆತನ, ಕಸುಬು, ಹೋಳಿಯಲ್ಲಿ ಬಾರಿಸುವುದು ಯಾರ ಹಲಗೆ, ಎಲ್ಲವೂ ಉತ್ತರದಲ್ಲಿ ಬರುತ್ತಿತ್ತು. ಬಾಗಲಕೋಟೆಯ ಹೋಳಿಯೆಂದರೆ ಪೇಟೆಗಳ ನಡುವಿನ ಸರದಿಯ ಬಣ್ಣದಾಟ. ಬಂಡಿಗಳಲ್ಲಿ ಬ್ಯಾರಲ್‌ಗಟ್ಟಲೆ ಬಣ್ಣ ತುಂಬಿಕೊಂಡು ಒಂದು ಪೇಟೆಯವರು ಇನ್ನೊಂದು ಪೇಟೆಯವರ ಮೇಲೆ ಎರಚುತ್ತಿದ್ದರು. ನವನಗರದಲ್ಲಿ ನಮಗೆ ಸಿಕ್ಕಿದ್ದು ಸೆಕ್ಟರ್ ಮತ್ತು ಪ್ಲಾಟ್ ನಂಬರು. ರಸ್ತೆ ಅಗಲವಾಯಿತು, ಗಟಾರ ನೇರವಾಯಿತು, ನಲ್ಲಿಗೆ ನೀರು ಬಂತು. ಈ ಮೂರನ್ನೂ ನಾನು ಹಳೆಯ ಊರಿಗಾಗಿ ಬಿಟ್ಟುಕೊಡಲಾರೆ. ಆದರೆ ನಮ್ಮ ಸಾಲಿನ ಎಡಕ್ಕೆ ಜೈನಪೇಟೆಯವರು, ಬಲಕ್ಕೆ ಕೃಷ್ಣೆಯ ದಂಡೆಯ ಯಾವುದೋ ಹಳ್ಳಿಯವರು. ಹತ್ತು ವರ್ಷ ಹೋಳಿಯ ದಿನ ಆ ಅಗಲ ರಸ್ತೆ ಖಾಲಿ ಇರುತ್ತಿತ್ತು, ನಾವೆಲ್ಲ ಗಾಡಿ ಹತ್ತಿ ಹಳೆಯ ಊರಿಗೆ ಆಡಲು ಹೋಗುತ್ತಿದ್ದೆವು.

ಸಿಂಗಪುರದ ಮಾತು ಬಂದಿದೆ. ಅಲ್ಲಿಯ ಸರ್ಕಾರಿ ವಸತಿ ಕಟ್ಟಡಗಳ ನೆಲಮಟ್ಟದ ಅಂತಸ್ತನ್ನು ಗೋಡೆಯಿಲ್ಲದೆ ಖಾಲಿ ಬಿಟ್ಟಿರುತ್ತಾರೆ. ಮಲಯರ ಮದುವೆಯೂ ಚೀನೀಯರ ಶವಸಂಸ್ಕಾರದ ವಿಧಿಯೂ ಅಲ್ಲಿಯೇ ನಡೆಯುತ್ತವೆ. 1989ರಿಂದ ಯಾವ ಕಟ್ಟಡದಲ್ಲಿ ಯಾವ ಜನಾಂಗದವರು ಎಷ್ಟು ಇರಬಹುದು ಎಂಬುದಕ್ಕೂ ಅಲ್ಲಿ ಮಿತಿ ಇದೆ. ನಮ್ಮ ನಕ್ಷೆ ಬರೆದವರು ಉದ್ಯಾನಕ್ಕೆ, ಶಾಲೆಗೆ, ಮಾರುಕಟ್ಟೆಗೆ ಜಾಗ ಬಿಟ್ಟರು. ನಾಲ್ಕು ಮಂದಿ ಸುಮ್ಮನೆ ಕೂರುವ ಕಟ್ಟೆಗೆ ಬಿಡಲಿಲ್ಲ. ಕಟ್ಟೆಯನ್ನು ಯಾರೂ ನಕ್ಷೆಯಲ್ಲಿ ಬರೆಯುವುದಿಲ್ಲ, ಅದು ತಾನಾಗಿ ಆಗುತ್ತದೆ ಎಂದುಕೊಂಡಿರಬೇಕು.

ಈಗ ಮೊಬೈಲ್ ವಿಷಯ. ನಮ್ಮ ಪೇಟೆಯ ಜನ ಇಂದು ಹತ್ತಾರು ಸೆಕ್ಟರುಗಳಲ್ಲಿ, ಹುಬ್ಬಳ್ಳಿಯಲ್ಲಿ, ಪುಣೆಯಲ್ಲಿ ಚದುರಿದ್ದಾರೆ. ಆದರೆ ವಾಟ್ಸಾಪ್ ಗುಂಪಿನ ಹೆಸರು ಪೇಟೆಯ ಹೆಸರೇ. ಮುಳುಗಿದ ಓಣಿಯ ಮನೆಗಳು ಯಾವ ಕ್ರಮದಲ್ಲಿದ್ದವು ಎಂದು ಹಿರಿಯರೊಬ್ಬರು ಒಂದು ರಾತ್ರಿ ನೆನಪಿನಿಂದ ಬರೆದು ಹಾಕಿದರು. ಬೆಳಗಾಗುವುದರೊಳಗೆ "ನಡುವ ನಮ್ಮ ಸಣ್ಣಪ್ಪನ ಮನಿ ಬಿಟ್ಟೀರಿ" ಎಂದು ಮೂವರು ತಿದ್ದಿದ್ದರು. ಬಣ್ಣದ ಬಂಡಿಗೆ ಹಣ ಕೂಡಿಸುವುದು, ಹಲಗೆ ಬಾರಿಸುವವರನ್ನು ಗೊತ್ತುಮಾಡುವುದು ಎಲ್ಲವೂ ಅಲ್ಲಿಯೇ. ನವನಗರದಲ್ಲಿ ಹುಟ್ಟಿದ ನನ್ನ ಮಗ ಹಳೆಯ ಮನೆಯನ್ನು ನೋಡಿಲ್ಲ, ಆದರೂ ಅವನು ತಾನು ಕಿಲ್ಲಾದವನೆಂದೇ ಹೇಳುತ್ತಾನೆ. ಜಾಗ ನೀರಿನಡಿ ಹೋದ ಮೇಲೆ ಅದರ ಹೆಸರನ್ನು ಹಿಡಿದಿಟ್ಟದ್ದು ನಿಮ್ಮ ವಿದ್ಯಾರ್ಥಿಗಳು ಬಯ್ಯುವ ಆ ಯಂತ್ರವೇ.

ಪ್ರಶ್ನೆ ಕೇಳಿದವರ ಮರುಮಾತು: ನವನಗರದ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ಕಿಲ್ಲಾದವರು ನಕ್ಕದ್ದು ನ್ಯಾಯವೇ. ನಾನು ಧಾರವಾಡದಿಂದ ವರ್ಗವಾಗಿ ಬಂದವಳು, ಸೆಕ್ಟರ್ ನಂಬರಿನ ಹಿಂದೆ ಪೇಟೆಯೊಂದು ಇರುತ್ತದೆ ಎಂದು ಗೊತ್ತಿರಲಿಲ್ಲ. ಖಡೇಬಜಾರದವರ ಅನುಮಾನವನ್ನು ಒಪ್ಪುತ್ತೇನೆ: ನಾನು ಯಂತ್ರ ಮತ್ತು ಜಾಗ ಎಂದು ಎರಡು ಕಾಲಂ ಗೆರೆ ಹಾಕಿಕೊಂಡಿದ್ದೆ, ಇಳಕಲ್ಲಿನ ಕೆಂಪು ಎರಡರಲ್ಲೂ ಕೂರುತ್ತಿಲ್ಲ. ವಿದ್ಯಾರ್ಥಿಗಳಿಗೆ ಈ ಸಲ ಪ್ರಬಂಧದ ಬದಲು ಬೇರೆ ಕೆಲಸ ಕೊಡುತ್ತೇನೆ. ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರಿಂದ, ಊರಿನ ಮೊದಲ ರೇಡಿಯೋ ಅಥವಾ ಟಿವಿ ಎಲ್ಲಿತ್ತು, ಯಾರು ಎಲ್ಲಿ ಕೂರುತ್ತಿದ್ದರು, ಕೀಲಿಕೈ ಯಾರ ಬಳಿ ಇತ್ತು ಎಂದು ಕೇಳಿ, ಕೂತ ಜಾಗದ ನಕ್ಷೆ ಬರೆದು ತರಬೇಕು.

ಕಿಲ್ಲಾದವರಲ್ಲಿ ಒಂದು ವಿನಂತಿ: ಮುಂದಿನ ಹೋಳಿಗೆ ಇಪ್ಪತ್ತು ವಿದ್ಯಾರ್ಥಿಗಳನ್ನು ಕರೆತಂದು, ಯಾವ ಸೆಕ್ಟರಿನವರು ಯಾವ ಪೇಟೆಯ ಬಂಡಿ ಹತ್ತುತ್ತಾರೆ ಎಂದು ಬರೆದುಕೊಳ್ಳಬಹುದೇ?

ಉತ್ತರ 5: ಕಿಲ್ಲಾದವ

ಅಗತ್ಯವಾಗಿ ಬನ್ನಿ ಮೇಡಂ. ಬಂಡಿಯ ಹತ್ತಿರ ನಿಂತು ಬರೆದುಕೊಳ್ಳಲು ಆಗುವುದಿಲ್ಲ, ಹಿಂದಿನ ದಿನ ಸಂಜೆಯೇ ಬಂದರೆ ಹಲಗೆ ಕಾಯಿಸುವಾಗ ಎಲ್ಲರೂ ಸಿಗುತ್ತಾರೆ. ಮಕ್ಕಳಿಗೆ ಹಳೆಯ ಬಟ್ಟೆ ಹಾಕಿಕೊಂಡು, ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬರಲು ಹೇಳಿ. ನಿಮ್ಮನ್ನು ಯಾವ ಪೇಟೆಯ ಲೆಕ್ಕಕ್ಕೆ ಹಿಡಿಯಬೇಕೆಂದು ಗುಂಪಿನಲ್ಲಿ ಈಗಾಗಲೇ ಚರ್ಚೆ ಶುರುವಾಗಿದೆ.